ಬಿಎಂಐ 24 ಇದ್ರೂ ಶುಗರ್ ಯಾಕೆ ಅಂತ ಕೇಳಿದ್ರಲ್ಲ, ಅದಕ್ಕೆ

ನಿಮ್ ಯಜಮಾನ್ರಿಗೆ 38, ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಅಳತೆ) 24, ಸಿಗರೇಟಿಲ್ಲ, ಪ್ಯೂರ್ ವೆಜ್, ಆದ್ರೂ ಎಚ್‌ಬಿಎ1ಸಿ (ಎರಡು ಮೂರು ತಿಂಗಳ ಸರಾಸರಿ ಶುಗರ್ ತೋರ್ಸೋ ರಕ್ತದ ಟೆಸ್ಟ್) 6.1 ಬಂದಿದೆ, ನ್ಯೂಜೆರ್ಸಿ ಡಾಕ್ಟ್ರು ತೂಕ ನಾರ್ಮಲ್ ಅಂತಾರೆ, ಲ್ಯಾಬ್‌ನೋರದ್ದೇ ತಪ್ಪಾ ಅಂತ ಕೇಳಿದೀರಿ. ನಂಗೇನೋ ಹಾಗನ್ಸಲ್ಲ. ಬಿಎಂಐ 25ರ ಮೇಲಿದ್ರೆ ಮಾತ್ರ ತೂಕ ಜಾಸ್ತಿ ಅನ್ನೋ ಗೆರೆ ನಮ್ಮೋರಿಗೆ, ಅಂದ್ರೆ ಭಾರತದ ಕಡೆಯೋರಿಗೆ, ಸರಿ ಹೊಂದಲ್ಲ ಕಣ್ರೀ, ಕೈಕಾಲು ಕಡ್ಡಿ ಥರ ಇದ್ರೂ ಕೊಬ್ಬು ಹೊಟ್ಟೆಯೊಳಗೆ, ಲಿವರ್‌ನಲ್ಲಿ ಹೋಗಿ ಕೂರತ್ತೆ, ಮೈಯಲ್ಲಿ ಸ್ನಾಯು ಬೇರೆ ಕಮ್ಮಿ, ಅದಕ್ಕೇ ಅಮೆರಿಕನ್ ಡಯಾಬಿಟಿಸ್ ಅಸೋಸಿಯೇಷನ್ 2015ರಲ್ಲೇ ಏಷ್ಯಾ ಮೂಲದೋರಿಗೆ ಬಿಎಂಐ 23 ದಾಟಿದ್ರೆ ಶುಗರ್ ನೋಡಿ ಅಂದಿದೆ. ಎಚ್‌ಬಿಎ1ಸಿ 5.7ರಿಂದ 6.4 ಅಂದ್ರೆ ಪ್ರೀಡಯಾಬಿಟಿಸ್, ಶುಗರ್ ಕಾಯಿಲೆಗೆ ಹಿಂದಿನ ಹಂತ, ಇನ್ನೂ ಟೈಮಿದೆ. ಟೇಪಲ್ಲಿ ಸೊಂಟ ಅಳೀರಿ, ನಮ್ ಗಂಡಸ್ರಿಗೆ 90 ಸೆಂಟಿಮೀಟರ್ ಲಿಮಿಟ್ಟು, ಪ್ಯಾಂಟ್ ಸೈಜ್ ನಂಬ್ಬೇಡಿ, ಎಲ್ರೂ ಹೊಟ್ಟೆ ಕೆಳಗೇ ಕಟ್ಟೋದು!

ಷಿಕಾಗೊ, ಸ್ಯಾನ್ ಫ್ರಾನ್ಸಿಸ್ಕೊ ಕಡೆ ನಮ್ಮೋರ ಹಾರ್ಟ್ ಬಗ್ಗೆನೇ ಒಂದು ಸ್ಟಡಿ 2010ರಿಂದ ನಡೀತಿದೆ, ಹೆಸ್ರು ಮಸಾಲ (ನಿಜವಾಗ್ಲೂ), ಅದ್ರಲ್ಲೂ ಬೇರೆ ಗುಂಪಿನೋರಿಗಿಂತ ನಮ್ಮೋರಿಗೆ ಡಯಾಬಿಟಿಸ್ ಜಾಸ್ತಿ ಅಂತಾನೇ ಕಂಡಿದ್ದು. ಅಮೆರಿಕದ 2018ರ ಕೊಲೆಸ್ಟ್ರಾಲ್ ಗೈಡ್‌ಲೈನ್ ಕೂಡ ದಕ್ಷಿಣ ಏಷ್ಯಾ ಮೂಲ ಅನ್ನೋದನ್ನೇ ಹಾರ್ಟ್ ರಿಸ್ಕ್ ಹೆಚ್ಚಿಸೋ ಅಂಶ ಅಂತ ಸೇರಿಸಿದೆ, ಡಾಕ್ಟ್ರಿಗೆ ಇದನ್ನ ಹೇಳಿ, ಲೈಪೊಪ್ರೋಟೀನ್ ಎ (ವಂಶದಿಂದ ಬರೋ ಒಂಥರಾ ಕೆಟ್ಟ ಕೊಲೆಸ್ಟ್ರಾಲ್) ಟೆಸ್ಟ್ ಒಂದ್ಸಲ ಮಾಡಿಸ್ಬಹುದಾ ಕೇಳಿ. ಮನೇಲಿ ಯಾರಿಗಾದ್ರೂ ಚಿಕ್ಕ ವಯಸ್ಸಲ್ಲಿ ಹಾರ್ಟ್ ಅಟ್ಯಾಕ್ ಆಗಿದ್ರೆ ಅದೂ ಹೇಳ್ಬೇಕು, ನಮ್ಮೋರು ಮುಚ್ಚಿಡ್ತಾರೆ.

ವೆಜ್ ಅಂದ್ಕೊಂಡು ಬೆಳಿಗ್ಗೆ ಅವಲಕ್ಕಿ ಮಧ್ಯಾಹ್ನ ಅನ್ನ ರಾತ್ರಿ ಮತ್ತೆ ಅನ್ನ ಅಂದ್ರೆ ಶುಗರ್ ಏರ್ದೆ ಇನ್ನೇನು, ಅರ್ಧ ತಟ್ಟೆ ಪಲ್ಯ ಕೋಸಂಬರಿ ಹಾಕಿ, ಊಟ ಆದ್ಮೇಲೆ ಹದಿನೈದು ನಿಮಿಷ ನಡೆಸಿ. ಚಳಿಗಾಲದಲ್ಲಿ ಮಾಲ್ ಒಳಗೆ ನಡೀಲಿ.