ಸಂಗೀತ ಬಾರದವರು ಗಾಯಕರ ಮ್ಯಾನೇಜರ್ ಆಗಬಹುದೇ? ಎಲ್ಲಿಂದ ಕಲಿಯಬೇಕು?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ: ಗೆಳತಿಯೊಬ್ಬಳು ಚೆನ್ನಾಗಿ ಹಾಡುತ್ತಾಳೆ, ಮೂರು ಹಾಡು ಬಿಡುಗಡೆ ಮಾಡಿದ್ದಾಳೆ, ಅಲ್ಲಿ ಇಲ್ಲಿ ಕಾರ್ಯಕ್ರಮ ಕೊಡುತ್ತಾಳೆ. "ನೀನೇ ನನ್ನ ಮ್ಯಾನೇಜರ್ ಆಗು" ಅಂದಿದ್ದಾಳೆ. ನಿಮಗೆ ಸರಿಗಮ ಕೂಡ ಗೊತ್ತಿಲ್ಲ. ಕೋರ್ಸ್ ಸೇರಲಾ, ಎಷ್ಟು ಪರ್ಸೆಂಟ್ ಕೇಳಲಿ, ಮೊದಲ ದಿನ ಏನು ಮಾಡಲಿ ಎಂದು ಕೇಳಿದ್ದೀರಿ.

ಸಂಗೀತ ಬರದಿದ್ದರೆ ಪರವಾಗಿಲ್ಲ, ನನಗೂ ಬರಲ್ಲ. ಹನ್ನೊಂದು ವರ್ಷದಿಂದ ಇದೇ ಕೆಲಸ ಮಾಡಿಕೊಂಡಿದ್ದೇನೆ. ಈಗಲೂ ಶ್ರುತಿ ತಪ್ಪಿದ್ದು ನನಗೆ ಗೊತ್ತಾಗುವ ಹೊತ್ತಿಗೆ ಕೇಳುಗರೆಲ್ಲ ಮುಖ ಮುಖ ನೋಡಿಕೊಂಡು ಆಗಿರುತ್ತದೆ. ಈ ಕೆಲಸಕ್ಕೆ ಬರಬೇಕಾದ್ದು ಬೇರೆ: ಒಂದು ಹಾಡಿನಿಂದ, ಒಂದು ಕಾರ್ಯಕ್ರಮದಿಂದ ದುಡ್ಡು ಯಾವ ಯಾವ ದಾರಿಯಲ್ಲಿ ಬರುತ್ತದೆ, ಯಾವ ತಿರುವಿನಲ್ಲಿ ಸೋರಿಹೋಗುತ್ತದೆ ಎಂದು ಹಿಂಬಾಲಿಸಿ ನೋಡುವ ಚಾಳಿ. ಉಳಿದದ್ದನ್ನು ಕಲಾವಿದರೇ ನಿಮಗೆ ಕಲಿಸುತ್ತಾರೆ, ಬೈದಾದರೂ ಕಲಿಸುತ್ತಾರೆ.

ಬೀಟಲ್ಸ್ ತಂಡದ ಮ್ಯಾನೇಜರ್ ಬ್ರಿಯಾನ್ ಎಪ್‌ಸ್ಟೀನ್ ಲಿವರ್‌ಪೂಲಿನಲ್ಲಿ ತಮ್ಮ ಮನೆತನದ ರೆಕಾರ್ಡ್ ಅಂಗಡಿ ನೋಡಿಕೊಳ್ಳುತ್ತಿದ್ದವರು. 1961ರ ನವೆಂಬರ್‌ನಲ್ಲಿ ಹುಡುಗರನ್ನು ಮೊದಲ ಸಲ ಕೇಳಿದಾಗ ಅವರಿಗೆ ಮ್ಯಾನೇಜರ್ ಕೆಲಸದ ಅನುಭವ ಸೊನ್ನೆ. ಡೆಕ್ಕಾ ಎಂಬ ರೆಕಾರ್ಡ್ ಕಂಪನಿ ಬೇಡ ಎಂದಿತು. ಆದರೂ ಬಿಡದೆ ಬಾಗಿಲು ಬಾಗಿಲು ತಟ್ಟಿ 1962ರಲ್ಲಿ ಪಾರ್ಲೋಫೋನ್ ಜೊತೆ ಒಪ್ಪಂದ ಮಾಡಿಸಿದರು. ಹಟಕ್ಕೆ ನೂರಕ್ಕೆ ನೂರು ಅಂಕ ಕೊಡಬೇಕು. ಆದರೆ ತಂಡದ ಹೆಸರು, ಚಿತ್ರ ಹಾಕಿದ ಗೊಂಬೆ, ವಿಗ್, ಬ್ಯಾಡ್ಜ್‌ಗಳನ್ನು ಮಾರುವ ಪರವಾನಗಿ ವಿಚಾರ ಬಂದಾಗ, ಬರುವ ಹಣದಲ್ಲಿ ಶೇ. 90 ಮಧ್ಯದ ಕಂಪನಿಗೆ, ಶೇ. 10 ಮಾತ್ರ ತಮ್ಮ ಕಡೆಗೆ ಎಂಬ ಒಪ್ಪಂದ ಆಗಿಹೋಯಿತು. ಆಮೇಲೆ ಸರಿಪಡಿಸಲು ನೋಡಿದರು, ಕೋರ್ಟು ಕಚೇರಿಯೂ ಆಯಿತು. ಅಷ್ಟರಲ್ಲಿ ಅಮೆರಿಕದ ಅಂಗಡಿಗಳಲ್ಲಿ ಮಾಲು ಬೇಕಾದಷ್ಟು ಖರ್ಚಾಗಿತ್ತು. ಅವರು ಮೋಸಗಾರರಲ್ಲ. ಟೀಶರ್ಟಿನಿಂದಲೂ ಇಷ್ಟು ದುಡ್ಡು ಹರಿಯಬಹುದು ಎಂದು ಆಗಿನ್ನೂ ಯಾರೂ ಅಳೆದು ನೋಡಿರಲಿಲ್ಲ, ಅಷ್ಟೇ.

ಹಾಗಾಗಿ ಮೊದಲು ನಿಮ್ಮ ಗೆಳತಿಯ ಮೂರು ಹಾಡುಗಳನ್ನೇ ಪಠ್ಯಪುಸ್ತಕ ಮಾಡಿಕೊಳ್ಳಿ. ಒಂದೊಂದು ಹಾಡಿನಲ್ಲೂ ಎರಡು ಬೇರೆ ಬೇರೆ ಆಸ್ತಿ ಇರುತ್ತದೆ. ಸಾಹಿತ್ಯ ಮತ್ತು ರಾಗ ಸೇರಿದ ಕೃತಿ ಒಂದು. ಅದನ್ನು ಸ್ಟುಡಿಯೋದಲ್ಲಿ ಹಾಡಿ ಹಿಡಿದಿಟ್ಟ ಧ್ವನಿಮುದ್ರಣ, ಅಂದರೆ ಮಾಸ್ಟರ್, ಇನ್ನೊಂದು. ಎರಡಕ್ಕೂ ಒಡೆಯರು ಬೇರೆ ಇರಬಹುದು, ದುಡ್ಡು ಬರುವ ದಾರಿಯೂ ಬೇರೆ. ಟೇಲರ್ ಸ್ವಿಫ್ಟ್ ಕತೆ ಕೇಳಿರುತ್ತೀರಿ. 2019ರಲ್ಲಿ ಅವರ ಮೊದಲ ಆರು ಆಲ್ಬಂಗಳ ಮಾಸ್ಟರ್‌ಗಳು ಹಳೆಯ ಲೇಬಲ್ (ರೆಕಾರ್ಡ್ ಕಂಪನಿ) ಜೊತೆಗೇ ಬೇರೆಯವರ ಪಾಲಾದವು. ಆದರೆ ಹಾಡು ಬರೆದವರಾಗಿ ಕೃತಿಯ ಮೇಲಿನ ಹಕ್ಕು ಅವರ ಕೈಯಲ್ಲೇ ಇತ್ತು. ಹಾಗಾಗಿ 2021ರಿಂದ ಒಂದೊಂದಾಗಿ ನಾಲ್ಕು ಆಲ್ಬಂಗಳನ್ನು ಮತ್ತೆ ಹಾಡಿ ಹೊಸ ಮಾಸ್ಟರ್ ಮಾಡಿಕೊಂಡರು. ಹಳೆಯವನ್ನು ಮರಳಿ ಕೊಂಡದ್ದು 2025ರಲ್ಲಿ. ಕೃತಿ ಬೇರೆ, ಮುದ್ರಣ ಬೇರೆ ಎಂಬುದು ಗೊತ್ತಿಲ್ಲದಿದ್ದರೆ ಈ ಕತೆಯ ತಲೆಬುಡ ಅರ್ಥವಾಗುವುದಿಲ್ಲ.

ಹೊಸಬರಲ್ಲಿ ಬಹುತೇಕರು, ಹಾಡನ್ನು ಸ್ಪಾಟಿಫೈನಂಥ ಆ್ಯಪ್‌ಗಳಿಗೆ ತಲುಪಿಸುವ ಡಿಸ್ಟ್ರಿಬ್ಯೂಟರ್ ಕಳಿಸುವ ದುಡ್ಡೇ ಎಲ್ಲ ಅಂದುಕೊಂಡಿರುತ್ತಾರೆ. ಅದು ಮಾಸ್ಟರ್‌ನ ಪಾಲು ಮಾತ್ರ. ಹಾಡು ಬರೆದವರಿಗೆ ಬರಬೇಕಾದ್ದನ್ನು ಹಕ್ಕುದಾರರ ಸಂಘಗಳು, ಕೃತಿಯ ಹಕ್ಕು ನೋಡಿಕೊಳ್ಳುವ ಪಬ್ಲಿಷರ್‌ಗಳು ಬೇರೆಯಾಗಿ ವಸೂಲಿ ಮಾಡುತ್ತವೆ. ನೋಂದಾಯಿಸಿಕೊಳ್ಳದವರ ಪಾಲನ್ನು ಮನೆ ಹುಡುಕಿಕೊಂಡು ಬಂದು ಯಾರೂ ಕೊಡುವುದಿಲ್ಲ. ನಿಮ್ಮ ಗೆಳತಿ ತಾನೇ ಬರೆದು ಹಾಡಿದ್ದರೆ ಆದಾಯದ ಎರಡನೇ ಬಾಗಿಲು ಇನ್ನೂ ಮುಚ್ಚಿಯೇ ಇರಬಹುದು. ಅದನ್ನು ತೆರೆಯುವುದು ಅರ್ಜಿ ತುಂಬುವ ಕೆಲಸ, ಬೇಸರದ ಕೆಲಸ, ನಿಮ್ಮದೇ ಕೆಲಸ.

ಇನ್ನು ನಾನು ಮಾಡಿದ ಒಂದು ತಪ್ಪು ಹೇಳುತ್ತೇನೆ. ನಾನು ನೋಡಿಕೊಳ್ಳುತ್ತಿದ್ದ ಮೊದಲ ತಂಡದಲ್ಲಿ ನಾಲ್ವರು. ಒಂದು ರಾತ್ರಿ ಕೂತು ಒಂದು ಹಾಡು ಕಟ್ಟಿದರು. ಗಾಯಕ ಸಾಹಿತ್ಯ ಬರೆದ, ಗಿಟಾರಿನವನು ರಾಗ ಕೂಡಿಸಿದ, ಬೇಸ್ ಹುಡುಗಿ ಚರಣದ ತಿರುವು ಬದಲಿಸಿದಳು. ಪಲ್ಲವಿ ಮುಗಿದ ಮೇಲೆ ಬರುವ ಒಂದು ಸಣ್ಣ ಆಲಾಪವನ್ನು ಡ್ರಮ್ಸ್ ಹುಡುಗ ಕಡ್ಡಿ ಒರೆಸುತ್ತಾ ಸುಮ್ಮನೆ ಗುನುಗಿದ್ದ. "ಚೆನ್ನಾಗಿದೆ, ಹಾಕು" ಅಂದರು. ನಾನು ಅಲ್ಲೇ ಇದ್ದೆ, ಎಲ್ಲರಿಗೂ ಟೀ ತಂದುಕೊಡುತ್ತಿದ್ದೆ. ಯಾರ ಪಾಲು ಎಷ್ಟು ಎಂದು ಬರೆದಿಡಬೇಕು ಎಂಬುದು ನನ್ನ ತಲೆಗೆ ಹೊಳೆಯಲೇ ಇಲ್ಲ.

ಜನರಿಗೆ ಹಿಡಿಸಿದ್ದು ಆ ಗುನುಗೇ. ಎರಡು ವರ್ಷ ಕಳೆದ ಮೇಲೆ ಒಂದು ಜಾಹೀರಾತಿನವರು ಅದೇ ಹದಿನೈದು ಸೆಕೆಂಡಿನ ತುಂಡು ಕೇಳಿದರು. ಎಲ್ಲ ಹಕ್ಕುದಾರರ ಸಹಿ ಮೂರು ದಿನದಲ್ಲಿ ಬೇಕು ಎಂದರು. ಅಷ್ಟರಲ್ಲಿ ಡ್ರಮ್ಸ್ ಹುಡುಗ ಜಗಳ ಮಾಡಿಕೊಂಡು ತಂಡ ಬಿಟ್ಟಾಗಿತ್ತು. ಫೋನ್ ಮಾಡಿದೆ. "ಅವರು ಕೇಳ್ತಿರೋದು ನನ್ನ ತುಂಡು ತಾನೇ? ಅರ್ಧ ನನಗೆ" ಅಂದ. ಗಾಯಕ "ಅವನಿಗೆ ಐದು ಪರ್ಸೆಂಟ್ ಕೊಟ್ಟರೂ ಜಾಸ್ತಿ ಆಯ್ತು" ಅಂದ. ಇಬ್ಬರ ನಡುವೆ ನಾನು ಓಡಾಡಿದ್ದೇ ಓಡಾಡಿದ್ದು. ನಾಲ್ಕನೇ ದಿನ ಜಾಹೀರಾತಿನವರು ಬೇರೆ ಹಾಡು ತೆಗೆದುಕೊಂಡರು. ಸಭ್ಯವಾಗಿ ಒಂದು ಇಮೇಲ್ ಬಂತು, ಎರಡೇ ಸಾಲು.

ಬೇಕಾಗಿದ್ದದ್ದು ಅರ್ಧ ಪುಟ. ಸ್ಪ್ಲಿಟ್ ಶೀಟ್ ಅನ್ನುತ್ತಾರೆ: ಹಾಡಿನ ಹೆಸರು, ದಿನಾಂಕ, ಯಾರು ಏನು ಬರೆದರು, ಯಾರಿಗೆ ಎಷ್ಟು ಪಾಲು, ಕೂಡಿದರೆ ನೂರು ಆಗಬೇಕು, ಕೆಳಗೆ ಎಲ್ಲರ ಸಹಿ. ಸ್ಟುಡಿಯೋದಿಂದ ಹೊರಗೆ ಕಾಲಿಡುವ ಮೊದಲೇ ಆಗಬೇಕು. ಹಾಡಿಗೆ ಇನ್ನೂ ಬೆಲೆ ಬಂದಿರುವುದಿಲ್ಲವಲ್ಲ, ಆಗ ಎಲ್ಲರೂ ಉದಾರಿಗಳು.

ಅದರ ಜೊತೆಗೇ ಐಎಸ್‌ಆರ್‌ಸಿ ಸಂಖ್ಯೆಗಳನ್ನೂ ಒಂದು ಶೀಟಿನಲ್ಲಿ ಬರೆದಿಡಿ. ಪ್ರತಿ ಧ್ವನಿಮುದ್ರಣಕ್ಕೂ 12 ಅಕ್ಷರ-ಅಂಕಿಗಳ ಗುರುತು ಅದು. ಲೈವ್ ಆವೃತ್ತಿಗೆ, ರೀಮಿಕ್ಸ್‌ಗೆ ಬೇರೆ ಸಂಖ್ಯೆ ಬೇಕು. ಆದರೆ ಡಿಸ್ಟ್ರಿಬ್ಯೂಟರ್ ಬದಲಿಸಿದಾಗ ಹಳೆಯ ಮುದ್ರಣಕ್ಕೆ ಹಳೆಯ ಸಂಖ್ಯೆಯನ್ನೇ ಕೊಡಬೇಕು, ಇಲ್ಲದಿದ್ದರೆ ಇಷ್ಟು ದಿನ ಕೂಡಿಬಂದ ಕೇಳಿಕೆಯ ಲೆಕ್ಕ ಕೈತಪ್ಪಿ ಹೋಗಬಹುದು. ಹೆಸರಿನ ಸ್ಪೆಲ್ಲಿಂಗ್ ಕೂಡ ಹಾಗೆಯೇ: ಒಂದು ಕಡೆ ಒಂದು ಅಕ್ಷರ ಹೆಚ್ಚಾದರೂ ಒಬ್ಬಳೇ ಗಾಯಕಿಗೆ ಎರಡು ಪ್ರೊಫೈಲ್ ಹುಟ್ಟಿಕೊಳ್ಳುತ್ತವೆ. ಸ್ಪಾಟಿಫೈನಲ್ಲಿ 2024ರಿಂದ, ಹಿಂದಿನ 12 ತಿಂಗಳಲ್ಲಿ 1,000 ಸಲ ಕೇಳಿಸಿಕೊಳ್ಳದ ಹಾಡಿಗೆ ಮುದ್ರಣದ ರಾಯಲ್ಟಿ ಇಲ್ಲ. ಅವರ ಸಂಪಾದಕರ ಪ್ಲೇಲಿಸ್ಟ್‌ಗೆ ಹಾಡು ಸೂಚಿಸಬೇಕಾದರೆ ಬಿಡುಗಡೆಗೆ ಕನಿಷ್ಠ 7 ದಿನ ಮುಂಚೆ ಕಳಿಸಬೇಕು. ನಾನಂತೂ ಒಂದು ತಿಂಗಳು ಇಟ್ಟುಕೊಳ್ಳುತ್ತೇನೆ. "ನಾಳೆ ನನ್ನ ಹುಟ್ಟುಹಬ್ಬ, ಹಾಡು ಬಿಟ್ಟುಬಿಡೋಣ" ಎನ್ನುವ ಕಲಾವಿದರು ಸಿಕ್ಕೇ ಸಿಗುತ್ತಾರೆ. ಮುಂದಿನ ಹುಟ್ಟುಹಬ್ಬಕ್ಕೆ ಬಿಡೋಣ ಅನ್ನಿ.

ಕಾರ್ಯಕ್ರಮದ ವಿಷಯಕ್ಕೆ ಬಂದರೆ, ಬುಕಿಂಗ್ ಸಿಕ್ಕಿತು ಎಂದ ಕೂಡಲೇ ಕೆಲಸ ಮುಗಿಯಿತು ಅಂದುಕೊಂಡಿದ್ದೆ ನಾನು. ನನ್ನ ಎರಡನೆಯದೋ ಮೂರನೆಯದೋ ಕಾರ್ಯಕ್ರಮ. ಸೌಂಡ್ ಚೆಕ್‌ಗೆ ಹೋದಾಗ ಮಿಕ್ಸರ್ ಮುಂದೆ ಕೂತಿದ್ದ ಹಿರಿಯರು ಕನ್ನಡಕದ ಮೇಲಿಂದ ನೋಡಿ, "ಇನ್‌ಪುಟ್ ಲಿಸ್ಟ್ ಕೊಡಪ್ಪ" ಅಂದರು. ನಾನು ಹಾಡುಗಳ ಪಟ್ಟಿ ಕೊಟ್ಟೆ. ಅವರು ಅದನ್ನು ತಿರುವಿ ಹಿಂಬದಿ ನೋಡಿದರು, ಖಾಲಿ. "ಇದರಲ್ಲಿ ಏನು ಹಾಡ್ತಾರೆ ಅಂತ ಇದೆ. ಎಷ್ಟು ಮೈಕ್ ಬೇಕು ಅಂತ ಎಲ್ಲಿದೆ?" ಎಣಿಸಿದರೆ ನಮಗೆ ಹದಿಮೂರು ಚಾನೆಲ್ (ಮಿಕ್ಸರ್‌ನಲ್ಲಿ ಮೈಕ್, ವಾದ್ಯ ಸಿಕ್ಕಿಸುವ ಜಾಗ) ಬೇಕು, ಅಲ್ಲಿ ಇದ್ದದ್ದು ಎಂಟು. ಡ್ರಮ್ಸ್‌ಗೆ ಎರಡೇ ಮೈಕ್ ಸಾಕು ಮಾಡಿದೆವು, ಕೀಬೋರ್ಡ್ ಸ್ಟೀರಿಯೋ ಹೋಗಿ ಮೋನೋ ಆಯಿತು. ಹಾಡುವವರಿಗೆ ತಮ್ಮದೇ ಸದ್ದು ಕೇಳಿಸುವ ಸ್ಪೀಕರ್, ಅಂದರೆ ಮಾನಿಟರ್, ಒಂದೇ ಇತ್ತು, ಅದನ್ನು ಗಿಟಾರಿನವನ ಕಡೆ ತಿರುಗಿಸಿದರು. ಗಾಯಕನಿಗೆ ತನ್ನ ಧ್ವನಿಯೇ ಕೇಳದೆ ಒಂದೂವರೆ ಗಂಟೆ ಕೂಗಿದ. ಮರುದಿನ ಅವನ ಗಂಟಲು ಎದ್ದಿರಲಿಲ್ಲ, ನನ್ನ ಫೋನನ್ನೂ ಎತ್ತಲಿಲ್ಲ.

ಅಂದಿನಿಂದ ಪ್ರತಿ ಕಾರ್ಯಕ್ರಮಕ್ಕೆ ಎರಡು ವಾರ ಮೊದಲು ಆಯೋಜಕರಿಗೆ ಮೂರು ಕಾಗದ ಹೋಗುತ್ತದೆ: ವೇದಿಕೆಯ ಮೇಲೆ ಯಾರು ಎಲ್ಲಿ ನಿಲ್ಲುತ್ತಾರೆ ಎಂಬ ನಕ್ಷೆ, ಚಾನೆಲ್ ಪ್ರಕಾರ ಇನ್‌ಪುಟ್ ಲಿಸ್ಟ್, ಮತ್ತು ಅವತ್ತಿನ ವೇಳಾಪಟ್ಟಿ. ಕಳಿಸಿದರೆ ಸಾಲದು, ಸೌಂಡ್ ನೋಡಿಕೊಳ್ಳುವವರ ನಂಬರ್ ಇಸಿದುಕೊಂಡು ನೇರ ಅವರ ಜೊತೆ ಮಾತಾಡಬೇಕು. ಆಯೋಜಕರು "ಎಲ್ಲಾ ಇದೆ ಸರ್" ಅಂದರೆ ಏನೂ ಇಲ್ಲ ಎಂದೇ ತಿಳಿಯಿರಿ. ಮುಂಗಡ ಎಷ್ಟು, ಬಾಕಿ ಯಾವಾಗ, ರದ್ದಾದರೆ ಏನು ಎಂಬುದು ಕನಿಷ್ಠ ಒಂದು ಇಮೇಲ್‌ನಲ್ಲಾದರೂ ಬರಹದಲ್ಲಿರಲಿ.

ಪರ್ಸೆಂಟ್ ವಿಚಾರ. ರೂಢಿಯಲ್ಲಿರುವುದು ಶೇ. 15ರಿಂದ 20. ಬುಕಿಂಗ್ ಏಜೆಂಟ್ ಬೇರೆ ಇದ್ದರೆ ಅವರದ್ದು ಸಾಮಾನ್ಯವಾಗಿ ಶೇ. 10ರ ಆಸುಪಾಸು. ಆದರೆ ಎಷ್ಟು ಅನ್ನುವುದಕ್ಕಿಂತ ಯಾವುದರ ಮೇಲೆ ಅನ್ನುವುದೇ ಮುಖ್ಯ. ಒಂದು ಪ್ರವಾಸದಿಂದ 100 ಬಂತು ಅಂದುಕೊಳ್ಳಿ. ಓಡಾಟ, ವಸತಿ, ಜೊತೆಗೆ ನುಡಿಸುವವರ ಸಂಭಾವನೆ ಎಲ್ಲ ಸೇರಿ 70 ಖರ್ಚು. ಬಂದದ್ದರ ಮೇಲೆ ಶೇ. 20 ತೆಗೆದರೆ ನಿಮಗೆ 20, ರಾತ್ರಿಯೆಲ್ಲ ಹಾಡಿದವಳಿಗೆ 10. ಖರ್ಚು ಕಳೆದು ಉಳಿದದ್ದರ ಮೇಲೆ ತೆಗೆದರೆ ನಿಮಗೆ 6, ಆಕೆಗೆ 24. ಮೊದಲನೆಯ ಲೆಕ್ಕದಲ್ಲಿ ಒಪ್ಪಂದಕ್ಕೆ ಸಹಿ ಹಾಕಿಸಿಕೊಂಡ ಮ್ಯಾನೇಜರ್‌ಗಳನ್ನು ನೋಡಿದ್ದೇನೆ, ಮೂರನೇ ಪ್ರವಾಸದ ಹೊತ್ತಿಗೆ ಕಲಾವಿದರು ಅವರ ಮುಖ ನೋಡುತ್ತಿರಲಿಲ್ಲ. ಹಾಡು ಮುದ್ರಿಸಲೆಂದೇ ಲೇಬಲ್ ಕೊಟ್ಟ ಹಣದ ಮೇಲೂ ಕಮಿಷನ್ ತೆಗೆಯಬೇಡಿ. ಹಾಗೆಯೇ ಲೇಬಲ್‌ನಿಂದ ಅಡ್ವಾನ್ಸ್ ಬಂದರೆ ಬಹುಮಾನ ಬಂತೆಂದು ಕುಣಿಯದಂತೆ ಗೆಳತಿಗೆ ಹೇಳಿ. ಮುಂದೆ ಬರುವ ರಾಯಲ್ಟಿಯಲ್ಲಿ ಅದನ್ನು ಮುರಿದುಕೊಂಡ ಮೇಲೇ ಹೊಸ ದುಡ್ಡು ಬರುವುದು.

ಅತಿಯಾದರೆ ಏನಾಗುತ್ತದೆ ಎಂಬುದಕ್ಕೆ ಎಲ್ವಿಸ್ ಪ್ರೀಸ್ಲಿಯ ಮ್ಯಾನೇಜರ್ ಕರ್ನಲ್ ಟಾಮ್ ಪಾರ್ಕರ್ ಇದ್ದಾರೆ. ಅವರ ಪಾಲು ಕೊನೆಕೊನೆಗೆ ಶೇ. 50ಕ್ಕೆ ಮುಟ್ಟಿತ್ತು. 1973ರಲ್ಲಿ ಎಲ್ವಿಸ್‌ನ ಅದುವರೆಗಿನ ಮುದ್ರಣಗಳ ಮುಂದಿನ ರಾಯಲ್ಟಿ ಹಕ್ಕನ್ನು ಆರ್‌ಸಿಎ ಕಂಪನಿಗೆ 54 ಲಕ್ಷ ಡಾಲರ್‌ಗೆ ಒಂದೇ ಸಲ ಬಿಟ್ಟುಕೊಟ್ಟರು. ನಾಲ್ಕು ವರ್ಷಕ್ಕೆ ಎಲ್ವಿಸ್ ತೀರಿಕೊಂಡರು, ಹಾಡುಗಳು ಮಾರಾಟವಾಗುತ್ತಲೇ ಹೋದವು, ಆ ರಾಯಲ್ಟಿ ಮನೆಯವರಿಗೆ ಬರಲಿಲ್ಲ. ಅದೇ ಕಾಲದಲ್ಲಿ ಲೆಡ್ ಜೆಪ್ಪೆಲಿನ್ ತಂಡದ ಮ್ಯಾನೇಜರ್ ಪೀಟರ್ ಗ್ರಾಂಟ್ ಟಿಕೆಟ್ ಹಣದ ಶೇ. 90 ತಂಡಕ್ಕೇ ಬರಬೇಕು ಎಂದು ಆಯೋಜಕರ ಮುಂದೆ ಪಟ್ಟು ಹಿಡಿದು ಗೆದ್ದವರು. ಇಬ್ಬರೂ ಒರಟರೇ. ಒಬ್ಬರ ಒರಟುತನ ತಂಡದ ಪರವಾಗಿ ಕೆಲಸ ಮಾಡಿತು.

ನಿಮ್ಮಿಬ್ಬರದ್ದು ಸ್ನೇಹ ಇರುವುದರಿಂದಲೇ ಕಾಗದ ಬೇಕು. ಮೊದಲು ಆರು ತಿಂಗಳು ಪ್ರಾಯೋಗಿಕವಾಗಿ ಎಂದು ಬರೆದುಕೊಳ್ಳಿ. ಮುಂದೆ ದೊಡ್ಡ ಒಪ್ಪಂದ ಮಾಡುವಾಗ ಆಕೆ ಬೇರೆ ವಕೀಲರಿಗೆ ತೋರಿಸಲಿ, ನಿಮ್ಮ ವಕೀಲರಿಗಲ್ಲ. ಬೇರೆಯಾದರೆ ಏನು ಎಂಬುದನ್ನೂ ಈಗಲೇ ಬರೆಯಿರಿ: ನಿಮ್ಮ ಕಾಲದಲ್ಲಿ ಆದ ಒಪ್ಪಂದಗಳ ಮೇಲಿನ ನಿಮ್ಮ ಪಾಲು ಬಿಟ್ಟ ಮೇಲೆ ವರ್ಷಕ್ಕಿಷ್ಟು ಎಂದು ಇಳಿಯುತ್ತಾ, ಮೂರ್ನಾಲ್ಕು ವರ್ಷದಲ್ಲಿ ಸೊನ್ನೆಯಾಗುವುದು ಸರಿಯಾದ ಕ್ರಮ. ಆಕೆಯ ದುಡ್ಡು ನಿಮ್ಮ ಖಾತೆಗೆ ಬಂದು ಹೋಗುವ ಏರ್ಪಾಡು ಮಾತ್ರ ಬೇಡವೇ ಬೇಡ.

ಕೋರ್ಸ್? ಪದಗಳ ಪರಿಚಯಕ್ಕೆ, ನಾಲ್ಕು ಜನರ ಪರಿಚಯಕ್ಕೆ ಒಳ್ಳೆಯದು. ಹಣ, ಸಮಯ ಇದ್ದರೆ ಸೇರಿ. ಆದರೆ ಕೈಯಲ್ಲಿ ಒಬ್ಬ ಕಲಾವಿದೆ ಇರುವಾಗ ಅದಕ್ಕಾಗಿ ಕಾಯಬೇಡಿ. ಈಗಿರುವ ಕೆಲಸವನ್ನೂ ಬಿಡಬೇಡಿ. ಆಕೆಯ ಆದಾಯದ ಶೇ. 20 ನಿಮ್ಮ ಹೊಟ್ಟೆಗೆ ಸಾಲುವುದಕ್ಕೆ ಮೊದಲು, ಉಳಿದ ಶೇ. 80 ಆಕೆಯ ಹೊಟ್ಟೆಗೆ ಸಾಲಬೇಕಲ್ಲ.

ಮೊದಲ ದಿನ ಏನು ಮಾಡಲಿ ಎಂದಿದ್ದಿರಿ. ಆಕೆಯ ಮುಂದಿನ ಕಾರ್ಯಕ್ರಮ ಯಾವಾಗ ಎಂದು ಕೇಳಿ. ಅಭ್ಯಾಸ ನಡೆಯುವಾಗ ಒಂದು ಮೂಲೆಯಲ್ಲಿ ಕೂತು, ಯಾವುದು ಯಾವ ತಂತಿಗೆ ಸಿಕ್ಕಿಸಿದೆ ಎಂದು ನೋಡಿ ಇನ್‌ಪುಟ್ ಲಿಸ್ಟ್ ನೀವೇ ಬರೆಯಿರಿ. ತಪ್ಪೇ ಬರೆಯುತ್ತೀರಿ, ನಾನು ಮೊದಲ ಸಲ ತಂಬೂರಿ ಪೆಟ್ಟಿಗೆಯನ್ನೇ ಬಿಟ್ಟಿದ್ದೆ. ಆಕೆಗೆ ತೋರಿಸಿ ತಿದ್ದಿಸಿಕೊಳ್ಳಿ. ಆಮೇಲೆ ಮೂರು ಹಾಡಿನ ಸ್ಪ್ಲಿಟ್ ಶೀಟ್ ಎಲ್ಲಿದೆ ಎಂದು ಕೇಳಿ. ಇಲ್ಲ ಅನ್ನುತ್ತಾಳೆ. ಆ ಹಾಡುಗಳಿಗೆ ಕೂಡಿ ಕೆಲಸ ಮಾಡಿದವರೆಲ್ಲ ಇನ್ನೂ ಆಕೆಯ ಜೊತೆ ಮಾತು ಬಿಟ್ಟಿಲ್ಲದಿದ್ದರೆ, ಈ ವಾರವೇ ಎಲ್ಲರನ್ನೂ ಒಂದು ಕಡೆ ಕೂರಿಸಿ.