ದೀಪ ಎಲ್ಲಿದೆ ಎಂದು ಕೇಳುವುದು ತಪ್ಪಾ?

ಮುಂಬಯಿ ಹತ್ತಿರದ ಡೊಂಬಿವಲಿಯಿಂದ ಬಂದ ಪತ್ರ ಇದು. ಹೆಸರು ಹಾಕಬೇಡಿ ಎಂದು ಬರೆದವರು ಕೇಳಿಕೊಂಡಿದ್ದಾರೆ. ಸಂಸ್ಥೆಯ ಗುರುತು ಸಿಗುವಂಥ ವಿವರಗಳನ್ನು ನಾನೇ ತೆಗೆದಿದ್ದೇನೆ. ಉಳಿದದ್ದು ಅವರ ಮಾತಿನಲ್ಲೇ:

“ನನ್ನ ಅಪ್ಪ ಗಿರ್‌ಗಾಂವ್‌ನಲ್ಲಿ ಸಣ್ಣ ಹೋಟೆಲು ನಡೆಸುತ್ತಿದ್ದರು. ಅವರು ತೀರಿಕೊಂಡ ಮೇಲೆ, 2011ರಲ್ಲಿ, ಹೋಟೆಲಿನ ಹಳೇ ಲೆಕ್ಕದ ಪುಸ್ತಕವನ್ನೂ ಅಜ್ಜಿ ಊರಿಂದ ತಂದಿದ್ದ ಹಿತ್ತಾಳೆ ಕಾಲುದೀಪವನ್ನೂ ಒಂದು ಚಿಕ್ಕ ಮ್ಯೂಸಿಯಂಗೆ ಕೊಟ್ಟೆ. ನಮ್ಮವರೇ ಟ್ರಸ್ಟ್ ಮಾಡಿ ನಡೆಸುತ್ತಿರುವುದು. ಕಳೆದ ತಿಂಗಳು ಮೊಮ್ಮಗಳಿಗೆ ತೋರಿಸಲು ಹೋದೆ. ಪುಸ್ತಕ ಗಾಜಿನ ಕಪಾಟಿನಲ್ಲಿತ್ತು. ದೀಪ ಇರಲಿಲ್ಲ. ಕೇಳಿದರೆ ಕಾರ್ಯದರ್ಶಿಗಳು, ‘ನವರಾತ್ರಿ ಪೂಜೆಗೆ ಅಧ್ಯಕ್ಷರ ಮನೆಗೆ ಹೋಗಿದೆ ಅಕ್ಕಾ, ಎಲ್ಲಿಗೂ ಓಡಿಹೋಗಲ್ಲ. ನಾವೆಲ್ಲ ಪುಕ್ಕಟೆ ದುಡಿಯುವವರು. ನೀವು ಹೀಗೆ ಲೆಕ್ಕ ಕೇಳಿದರೆ ಬೇಜಾರಾಗುತ್ತೆ’ ಅಂದರು. ನವರಾತ್ರಿ ಮುಗಿದು ನಾಲ್ಕು ತಿಂಗಳಾಯಿತು. ಈಗ ಒಬ್ಬ ಬಿಲ್ಡರ್ ದೊಡ್ಡ ಮೊತ್ತ ಕೊಡುತ್ತಾರಂತೆ. ಹಾಲ್‌ಗೆ ಅವರ ತಂದೆಯ ಹೆಸರು, ಅವರ ಅಳಿಯನಿಗೆ ಟ್ರಸ್ಟಿ ಸ್ಥಾನ ಅಂತ ಮಾತು ನಡೆದಿದೆ. ನಾನು ಸುಮ್ಮನಿರಬೇಕಾ? ಕೊಟ್ಟ ಮೇಲೆ ಕೇಳುವುದು ತಪ್ಪಾ?”

ಆತ್ಮೀಯರೇ,

ತಪ್ಪಲ್ಲ. ಆದರೆ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಆ ದೀಪ ಈಗ ನಿಮ್ಮದಲ್ಲ. ಕೊಟ್ಟಾಯಿತು. ವಾಪಸ್ ಕೊಡಿ ಎಂದು ಕೇಳುವ ಹಕ್ಕು ನಿಮಗೆ ಬಹುಶಃ ಇಲ್ಲ. ಅಧ್ಯಕ್ಷರದ್ದೂ ಅಲ್ಲ ಅನ್ನುವುದು ಮಾತ್ರ ಅಷ್ಟೇ ನಿಜ. ನೋಡಲು ಬರುವವರಿಗಾಗಿ ಟ್ರಸ್ಟಿಗಳು ಅದನ್ನು ಕಾಪಾಡುತ್ತಿದ್ದಾರೆ, ಅಷ್ಟೇ ಅವರ ಅಧಿಕಾರ. ನಿಮ್ಮ ಮೊಮ್ಮಗಳು ಅವತ್ತು ಬಂದಿದ್ದಳು. ಅವಳಿಗೆ ದೀಪ ಕಾಣಲಿಲ್ಲ. ನಿಮಗೆ ನೋವಾದದ್ದು ಬೇರೆ ವಿಷಯ, ಸಂಸ್ಥೆ ಜವಾಬು ಕೊಡಬೇಕಾದದ್ದು ಅವಳಿಗೆ.

ನಮ್ಮ ಊರ ಕಡೆ ದೇವಸ್ಥಾನಕ್ಕೆ ಮೊಕ್ತೇಸರರು ಇರುತ್ತಾರೆ. ಅವರೂ ಸಂಬಳ ತೆಗೆದುಕೊಳ್ಳುವುದಿಲ್ಲ, ಕೈಯಿಂದಲೇ ಖರ್ಚು ಮಾಡುವವರೂ ಇದ್ದಾರೆ. ಹಾಗಂತ ದೇವರ ಒಡವೆಯನ್ನು ಮಗಳ ಮದುವೆಗೆ ಎರಡು ದಿನ ಒಯ್ದರೆ ಊರು ಒಪ್ಪುತ್ತದಾ? ‘ಎಲ್ಲಿಗೂ ಓಡಿಹೋಗಲ್ಲ’ ಎಂದರೆ ಸಮಾಧಾನ ಆಗುತ್ತದಾ? ದೇವಸ್ಥಾನದಲ್ಲಿ ನಮಗೆ ಸಲೀಸಾಗಿ ಅರ್ಥವಾಗುವುದು ಮ್ಯೂಸಿಯಂ ಎಂದ ಕೂಡಲೇ ಮರೆತುಹೋಗುತ್ತದೆ. ಅಲ್ಲಿರುವುದು ಹಳೇ ಪಾತ್ರೆ, ಹಳೇ ಕಾಗದ ಎಂದು ನಮ್ಮ ಮನಸ್ಸಿನಲ್ಲೇ ಒಂದು ಸದರ ಇದೆ.

ಜಗತ್ತಿನ ಮ್ಯೂಸಿಯಂಗಳೆಲ್ಲ ಸೇರಿ ಮಾಡಿಕೊಂಡ ಒಂದು ನೀತಿಸಂಹಿತೆ ಇದೆ. ಐಕಾಂ ಎಂಬ ಅಂತರರಾಷ್ಟ್ರೀಯ ಮಂಡಳಿ 1986ರಲ್ಲಿ ಅದನ್ನು ಒಪ್ಪಿಕೊಂಡಿತು, 2004ರಲ್ಲಿ ಪರಿಷ್ಕರಿಸಿತು. ನಿಮ್ಮ ದೀಪಕ್ಕೇ ಬರೆದಂತಿರುವ ಒಂದು ನಿಯಮ ಅದರಲ್ಲಿದೆ. ಸಿಬ್ಬಂದಿಯಾಗಲಿ, ಆಡಳಿತ ಮಂಡಳಿಯವರಾಗಲಿ, ಅವರ ಮನೆಯವರಾಗಲಿ, ಸಂಗ್ರಹದ ವಸ್ತುವನ್ನು ಸ್ವಂತ ಬಳಕೆಗೆ ಒಯ್ಯಬಾರದು, ತಾತ್ಕಾಲಿಕವಾಗಿಯೂ ಒಯ್ಯಬಾರದು. ಈ ‘ತಾತ್ಕಾಲಿಕವಾಗಿಯೂ’ ಅನ್ನುವ ಪದ ಅಲ್ಲಿ ಸುಮ್ಮನೆ ಬಂದದ್ದಲ್ಲ. ವಸ್ತುಗಳು ಹೊರಗೆ ಹೋಗುವುದು ಹೆಚ್ಚಾಗಿ ಹೀಗೇ, ಎರಡು ದಿನಕ್ಕೆ ಅಂತ.

ಪೂಜೆಗೆ ತಾನೇ, ಒಳ್ಳೆಯದಕ್ಕೇ ತಾನೇ ಎಂದು ಕೆಲವರು ಹೇಳಬಹುದು. ದೀಪ ಅಂದರೆ ಉರಿಯಬೇಕು ಎಂದು ನನಗೂ ಅನಿಸುತ್ತದೆ. ಆದರೆ ನಿಮ್ಮ ಪತ್ರದಲ್ಲಿ ಒಂದು ಸಾಲು ಇತ್ತು: ದೀಪದ ಪಾದದ ಮೇಲೆ ಅಜ್ಜಿಯ ಹೆಸರಿನ ಮೊದಲಕ್ಷರ ಚುಕ್ಕಿಚುಕ್ಕಿಯಾಗಿ ಹೊಡೆದಿದೆ ಅಂತ. ಪಾತ್ರೆ ಅಂಗಡಿಯವರು ಚಿಕ್ಕ ಉಳಿ ಇಟ್ಟು ಟಕಟಕ ಎಂದು ಹೊಡೆದು ಬರೆಯುತ್ತಿದ್ದ ಅಕ್ಷರ. ನಮ್ಮ ಮನೆಯ ಕೊಡಪಾನದ ಮೇಲೂ ಇತ್ತು. ಉರಿಸಿದ ದೀಪವನ್ನು ತೊಳೆಯಬೇಕು. ಹುಣಸೆಹಣ್ಣು, ಬೂದಿ ಹಾಕಿ ತಿಕ್ಕಬೇಕು. ಶುಕ್ರವಾರ ಶುಕ್ರವಾರ ತಿಕ್ಕಿದರೆ ಆ ಚುಕ್ಕಿಗಳು ಎಷ್ಟು ವರ್ಷ ಉಳಿದಾವು? ಹಿತ್ತಾಳೆ ಫಳಫಳ ಹೊಳೆಯುತ್ತದೆ, ಅಜ್ಜಿಯ ಹೆಸರು ಸವೆದುಹೋಗುತ್ತದೆ. ಆಮೇಲೆ ಅದು ಯಾವ ಅಂಗಡಿಯಲ್ಲೂ ಸಿಗುವ ದೀಪ.

ಈಗ ನನ್ನದೇ ಒಂದು ಅನುಭವ ಹೇಳಬೇಕು. ಇಪ್ಪತ್ತು ವರ್ಷದ ಹಿಂದೆ ಕುರ್ಲಾ ಕಡೆಯ ಒಂದು ಸಂಘದ ಕಾರ್ಯಕಾರಿ ಸಮಿತಿಯಲ್ಲಿ ನಾನಿದ್ದೆ. ಕಚೇರಿ ನೆಲಮಹಡಿಯಲ್ಲಿತ್ತು. ಒಂದು ಗೋದ್ರೇಜ್ ಕಪಾಟಿನ ತುಂಬ ಹಳೆಯ ಯಕ್ಷಗಾನದ ಕೈಬರಹದ ಪ್ರಸಂಗಗಳು, ನಾಟಕದ ಕರಪತ್ರಗಳು, ಯಾರ್‍ಯಾರೋ ಪ್ರೀತಿಯಿಂದ ಕೊಟ್ಟ ಫೋಟೋಗಳು. 2005ರ ಜುಲೈ 26 ನಿಮಗೂ ನೆನಪಿರುತ್ತದೆ. ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ. ನೀರಿಳಿದ ಮೇಲೆ ಹೋಗಿ ಕಪಾಟು ತೆಗೆದರೆ ಕೆಳಗಿನ ಎರಡು ಖಾನೆಗಳಲ್ಲಿ ಕಾಗದವೆಲ್ಲ ಒಂದಕ್ಕೊಂದು ಅಂಟಿ ಇಟ್ಟಿಗೆಯ ಹಾಗಾಗಿತ್ತು. ಬೆರಳಿಟ್ಟರೆ ಶಾಯಿ ಬೆರಳಿಗೆ ಬರುತ್ತಿತ್ತು.

ಮಳೆಯನ್ನು ಯಾರೂ ತಡೆಯುವಂತಿರಲಿಲ್ಲ, ನಿಜ. ಆದರೆ ಮರುವಾರ ಸಭೆ ಸೇರಿದಾಗ ಹಿರಿಯರೊಬ್ಬರು, “ಏನೇನು ಹೋಯಿತು?” ಎಂದು ಕೇಳಿದರು. ನಾವು ಹನ್ನೊಂದು ಜನ ಕೂತಿದ್ದೆವು. ಒಬ್ಬರಿಗೂ ಉತ್ತರ ಗೊತ್ತಿರಲಿಲ್ಲ. ಪಟ್ಟಿಯೇ ಇರಲಿಲ್ಲ. ಏನಿತ್ತು ಎಂದು ಗೊತ್ತಿಲ್ಲದ ಮೇಲೆ ಏನು ಹೋಯಿತು ಎಂದು ಹೇಳುವುದು ಹೇಗೆ? ಕೊಟ್ಟವರ ಮನೆಗೆ ಫೋನ್ ಮಾಡಿ ಕ್ಷಮೆ ಕೇಳೋಣ ಎಂದರೆ ಕೊಟ್ಟವರು ಯಾರೆಂದೂ ಬರೆದಿಟ್ಟಿರಲಿಲ್ಲ. ನಾವೆಲ್ಲ ಪುಕ್ಕಟೆ ದುಡಿದವರೇ. ಒಳ್ಳೆಯ ಮನಸ್ಸಿನವರೇ. ಆ ಪ್ರಸಂಗಗಳಿಗೆ ಅದರಿಂದ ಏನೂ ಉಪಯೋಗವಾಗಲಿಲ್ಲ.

ಅದಕ್ಕೇ ನಾನು ರಿಜಿಸ್ಟರ್ ಎಂದರೆ ಅಷ್ಟು ಹಟ ಹಿಡಿಯುತ್ತೇನೆ. ವಸ್ತು ಒಳಗೆ ಬಂದ ದಿನ, ಕೊಟ್ಟವರ ಹೆಸರು, ಎಲ್ಲಿಂದ ಬಂತು, ಅಳತೆ, ಗುರುತು, ಫೋಟೋ, ಒಂದು ನಂಬರು. ಆ ನಂಬರನ್ನು ವಸ್ತುವಿನ ಮೇಲೂ ಕಾಣದ ಕಡೆ ಬರೆಯುವುದು. ಹೊರಗೆ ಹೋದರೆ ಯಾರ ಅಪ್ಪಣೆಯಿಂದ, ಯಾವಾಗ ವಾಪಸ್. ಇನ್ನೂರು ಪುಟದ ಒಂದು ನೋಟ್‌ಬುಕ್ ಸಾಕು, ಕಂಪ್ಯೂಟರೂ ಬೇಡ. ವಸ್ತು ಕೊಟ್ಟ ದಿನ ನಿಮಗೆ ಶಾಲು ಹೊದಿಸಿದ ಫೋಟೋ ಇದೆ, ರಸೀದಿ ಇಲ್ಲ ಎಂದು ಬರೆದಿದ್ದೀರಿ. ಆ ದಿನ ಶಾಲಿನ ಜೊತೆಗೆ ಎರಡು ಸಾಲಿನ ದಾನಪತ್ರ ಮಾಡಿಕೊಂಡಿದ್ದರೆ ಈ ಪತ್ರದ ಅಗತ್ಯವೇ ಬೀಳುತ್ತಿರಲಿಲ್ಲ.

ನಮ್ಮ ಫೋರ್ಟ್‌ನ ಛತ್ರಪತಿ ಶಿವಾಜಿ ಮಹಾರಾಜ್ ವಸ್ತು ಸಂಗ್ರಹಾಲಯಕ್ಕೆ ಹೋದಾಗಲೆಲ್ಲ ನಾನು ಮೊದಲು ಶಿಲ್ಪಗಳ ಕಡೆ ನಡೆಯುತ್ತೇನೆ. ಅಲ್ಲಿ ಐಹೊಳೆಯ ಹುಚ್ಚಪ್ಪಯ್ಯನ ಗುಡಿಯ ಚಾವಣಿಯ ಫಲಕಗಳಿವೆ, ಅದರಲ್ಲೊಂದು ಬ್ರಹ್ಮನದು. ಐಹೊಳೆ ಇದ್ದ ವಿಜಾಪುರ ಸೀಮೆ ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದ ಕಾಲದ ಸಂಬಂಧ. ಇಷ್ಟು ದೂರ ಬಂದು ದುಡಿಯುವ ಕನ್ನಡದವರಿಗೆ ಆ ಕಲ್ಲಿನ ಮುಂದೆ ನಿಂತರೆ ಊರಿನವರೇ ಸಿಕ್ಕ ಹಾಗೆ. ಆದರೆ ಅದು ನಮ್ಮ ಊರಿನದು ಎಂದು ನನಗೆ ಗೊತ್ತಾದದ್ದು ಪಕ್ಕದ ಚೀಟಿಯಿಂದ. ಯಾರೋ ಒಬ್ಬರು ಐಹೊಳೆ ಎಂದು ಮರೆಯದೆ ಬರೆದಿಟ್ಟರು. ಇಲ್ಲದಿದ್ದರೆ ಅದೂ ಒಂದು ಹಳೇ ಕಲ್ಲು.

ದೊಡ್ಡವರಲ್ಲೂ ಇದೇ ಕಥೆ. 2023ರಲ್ಲಿ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿ ಸುಮಾರು 2,000 ವಸ್ತುಗಳು ಕಾಣೆಯಾಗಿವೆ, ಕಳುವಾಗಿವೆ ಅಥವಾ ಹಾಳಾಗಿವೆ ಎಂದು ಬಯಲಾಯಿತು. ಅದರಲ್ಲಿ ಬಹಳಷ್ಟು ಸರಿಯಾಗಿ ದಾಖಲಾಗದೆ ಉಗ್ರಾಣದಲ್ಲಿದ್ದ ಚಿಕ್ಕ ಚಿಕ್ಕ ಹರಳು, ಒಡವೆ. ಹೊರಗಿನ ವ್ಯಾಪಾರಿಯೊಬ್ಬರು 2021ರಲ್ಲೇ ಎಚ್ಚರಿಸಿದ್ದರು. ಆಗ ಅವರ ಮಾತಿಗೆ ತಕ್ಕ ಬೆಲೆ ಸಿಗಲಿಲ್ಲ. ಕಡೆಗೆ ನಿರ್ದೇಶಕರು ರಾಜೀನಾಮೆ ಕೊಟ್ಟರು. ನನಗೆ ಇದರಲ್ಲಿ ಕಳ್ಳತನಕ್ಕಿಂತ ಜಾಸ್ತಿ ಬೇಸರ ತಂದದ್ದು ಆ ಎರಡು ವರ್ಷ. ಕೇಳಿದವರನ್ನು ಕಿರಿಕಿರಿ ಎಂದು ನೋಡಿದರೆ ಹೀಗೇ ಆಗುವುದು.

ಪುಕ್ಕಟೆ ದುಡಿಯುವವರು ಎಂಬ ಮಾತಿಗೆ ಬರುತ್ತೇನೆ. ಅವರ ದುಡಿಮೆಗೆ ನನ್ನ ಗೌರವ ಇದೆ. ಆಫೀಸು ಮುಗಿಸಿ, ವಿರಾರ್ ಲೋಕಲ್ ಹಿಡಿಯುವ ಮೊದಲು ಸಂಘದ ಬೀಗ ತೆಗೆದು ಕಸ ಗುಡಿಸುವವರನ್ನು ನಾನು ನೋಡಿದ್ದೇನೆ. ಅವರಿಲ್ಲದೆ ಈ ಊರಲ್ಲಿ ಕನ್ನಡದ ಒಂದು ಕಪಾಟೂ ಉಳಿಯುತ್ತಿರಲಿಲ್ಲ. ಆದರೆ ಸಂಬಳವಿಲ್ಲ ಎಂಬುದು ಲೆಕ್ಕ ಕೊಡದಿರಲು ಕಾರಣವಾಗುವುದಿಲ್ಲ. ಕಾನೂನೂ ಹಾಗೆ ನೋಡುವುದಿಲ್ಲ. ಮಹಾರಾಷ್ಟ್ರದ ಸಾರ್ವಜನಿಕ ಟ್ರಸ್ಟ್‌ಗಳ ಕಾಯಿದೆ 1950ರದು. ಅದರ ಪ್ರಕಾರ ಟ್ರಸ್ಟ್ ನೋಂದಣಿಯಾಗಬೇಕು, ಲೆಕ್ಕ ಆಡಿಟ್ ಆಗಬೇಕು, ಟ್ರಸ್ಟಿಗಳು ಬದಲಾದರೆ 90 ದಿನದೊಳಗೆ ಚಾರಿಟಿ ಕಮಿಷನರ್ ಕಚೇರಿಗೆ ತಿಳಿಸಬೇಕು. ತಪ್ಪು ಮಾಡಿದ ಟ್ರಸ್ಟಿಯನ್ನು ತೆಗೆಯುವ ಅಧಿಕಾರವೂ ಆ ಕಚೇರಿಗೆ ಇದೆ.

ಒಂದು ವಿಚಾರ ಮಾತ್ರ ಗಮನಿಸಿ. ಟ್ರಸ್ಟ್‌ನ ಕಟ್ಟಡವನ್ನೋ ಜಾಗವನ್ನೋ ಮಾರಬೇಕಾದರೆ ಚಾರಿಟಿ ಕಮಿಷನರ್ ಅವರ ಮುಂಚಿತ ಅನುಮತಿ ಬೇಕು. ಆ ಕಲಮು ಇರುವುದು ಸ್ಥಿರಾಸ್ತಿಗೆ. ಕಪಾಟಿನ ಒಳಗಿನ ದೀಪಕ್ಕೆ ಆ ಕಾವಲು ಇಲ್ಲ. ಗೋಡೆಗೆ ಕಾನೂನಿನ ಕಾವಲು, ದೀಪಕ್ಕೆ ಒಂದು ನೋಟ್‌ಬುಕ್ಕಿನ ಕಾವಲು.

ಬಿಲ್ಡರ್ ವಿಷಯ. ದೊಡ್ಡ ದಾನ ಬರುವುದು ಕೆಟ್ಟದ್ದೇನಲ್ಲ. ಹಾಲ್‌ಗೆ ಅವರ ತಂದೆಯ ಹೆಸರಿಡಲಿ, ಗೋಡೆಯ ಮೇಲೆ ಕಲ್ಲು ಹಾಕಲಿ. ಬೈಕಲಾದ ಡಾ. ಭಾವು ದಾಜಿ ಲಾಡ್ ಮ್ಯೂಸಿಯಂ ನೋಡಿ. 1872ರಲ್ಲಿ ಬಾಗಿಲು ತೆರೆದದ್ದು, ಕಾಲಕ್ರಮೇಣ ಸೊರಗಿಹೋಗಿತ್ತು. 2003ರಲ್ಲಿ ಮಹಾನಗರಪಾಲಿಕೆ, ಜಮ್ನಾಲಾಲ್ ಬಜಾಜ್ ಫೌಂಡೇಶನ್, ಹಳೇ ಪರಂಪರೆ ಉಳಿಸುವ ಸಂಸ್ಥೆ ಇಂಟ್ಯಾಕ್ ಮೂವರೂ ಕರಾರು ಮಾಡಿಕೊಂಡರು. ದುರಸ್ತಿಯಾಗಿ 2008ರಲ್ಲಿ ಮತ್ತೆ ತೆರೆಯಿತು. ಮ್ಯೂಸಿಯಂನ ಹೆಸರು ಮಾತ್ರ 1975ರಲ್ಲಿ ಇಟ್ಟದ್ದೇ ಉಳಿಯಿತು, ಗೋವೆಯ ಮಾಂದ್ರೆಯಲ್ಲಿ ಹುಟ್ಟಿ ಈ ಊರಿಗೆ ಬಂದ ಆ ವೈದ್ಯರದ್ದು. ಹಣ ಕೊಡುವವರ ಜೊತೆ ಹೀಗೆ ಕಾಗದದ ಮೇಲೆ ಮಾತಾಡಬೇಕು.

ಅಳಿಯನಿಗೆ ಟ್ರಸ್ಟಿ ಸ್ಥಾನ ಅನ್ನುವುದನ್ನು ನಾನು ಒಪ್ಪುವುದಿಲ್ಲ. ಅವರು ಯೋಗ್ಯರಿದ್ದರೆ ಎಲ್ಲರಂತೆ ಬರಲಿ. ಹಣದ ಜೊತೆ ಕುರ್ಚಿ ಬಂದರೆ, ನಾಳೆ ಕಟ್ಟಡದ ರಿಪೇರಿ ಯಾರಿಗೆ ಕೊಡಬೇಕು ಎಂಬ ಮಾತು ಬಂದಾಗ ಆ ಕುರ್ಚಿ ಯಾರ ಪರ ಮಾತಾಡೀತು? ತನಗೋ ತನ್ನವರಿಗೋ ಸಂಬಂಧಿಸಿದ ವಿಷಯ ಬಂದಾಗ ಟ್ರಸ್ಟಿ ಮೊದಲೇ ಹೇಳಿ, ಎದ್ದು ಹೊರಗೆ ಹೋಗಬೇಕು, ಅದು ನಡಾವಳಿಯಲ್ಲಿ ದಾಖಲಾಗಬೇಕು. ಎಷ್ಟು ಸಂಘಗಳ ನಡಾವಳಿಯಲ್ಲಿ ಅಂಥ ಒಂದು ಸಾಲು ನೋಡಿದ್ದೀರಿ? ನಾನಂತೂ ನಮ್ಮ ಸಮಿತಿಯಲ್ಲಿ ಒಂದು ಸಲವೂ ಬರೆಸಲಿಲ್ಲ.

ಪುಣೆಯ ಶುಕ್ರವಾರ ಪೇಟೆಯ ಕೇಳ್ಕರ್ ಮ್ಯೂಸಿಯಂಗೆ ಸಾಧ್ಯವಾದರೆ ಮೊಮ್ಮಗಳನ್ನು ಕರೆದುಕೊಂಡು ಹೋಗಿ. ದಿನಕರ ಕೇಳ್ಕರ್ ಅವರು ತೀರಿಕೊಂಡ ಮಗ ರಾಜಾನ ನೆನಪಿಗೆ ಕಟ್ಟಿದ್ದು. ಅಡಕತ್ತರಿ, ದೀಪ, ಪಾತ್ರೆ, ಎಲ್ಲ ಮನೆ ಬಳಕೆಯ ಸಾಮಾನೇ. ಒಂದೊಂದನ್ನೂ ಸ್ವತಃ ಹುಡುಕಿ ತಂದ ಮನುಷ್ಯ 1975ರಲ್ಲಿ ಸಂಗ್ರಹವನ್ನು ಸರ್ಕಾರಕ್ಕೆ ಒಪ್ಪಿಸಿಬಿಟ್ಟರು. ಬದುಕೆಲ್ಲ ಕೂಡಿಸಿದವರಿಗೇ ತನ್ನದು ಎಂಬುದನ್ನು ಬಿಡಲು ಸಾಧ್ಯವಾಯಿತು.

ಈಗ ಏನು ಮಾಡಬೇಕು? ಜಗಳಕ್ಕೆ ಹೋಗಬೇಡಿ, ಫೋನೂ ಬೇಡ. ಒಂದು ಪುಟದ ಪತ್ರ ಬರೆಯಿರಿ. ಕಾರ್ಯದರ್ಶಿಗಳ ಹೆಸರಿಗೆ, ಎಲ್ಲ ಟ್ರಸ್ಟಿಗಳಿಗೂ ಪ್ರತಿ. 2011ರಲ್ಲಿ ಇಂಥ ಎರಡು ವಸ್ತು ಕೊಟ್ಟಿದ್ದೇನೆ, ರಿಜಿಸ್ಟರ್‌ನಲ್ಲಿ ಅವುಗಳ ನಂಬರು ಏನು, ದೀಪ ಈಗ ಎಲ್ಲಿದೆ, ಯಾವ ಸಭೆಯ ಒಪ್ಪಿಗೆಯಿಂದ ಹೊರಗೆ ಹೋಯಿತು, ಯಾವತ್ತು ವಾಪಸ್ ಬರುತ್ತದೆ ಎಂದು ಕೇಳಿ. ಸಿಟ್ಟಿನ ಒಂದು ಪದವೂ ಬೇಡ. ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ. ತಿಂಗಳಾದರೂ ಉತ್ತರ ಬರದಿದ್ದರೆ ವರ್ಲಿಯ ಚಾರಿಟಿ ಕಮಿಷನರ್ ಕಚೇರಿಗೆ ನಾನೂ ನಿಮ್ಮ ಜೊತೆ ಬರುತ್ತೇನೆ. ಆದರೆ ಅಧ್ಯಕ್ಷರು ಆ ಪತ್ರ ಓದಿ ಮರುದಿನವೇ ದೀಪ ತಂದಿಡುತ್ತಾರೆ ಎಂದು ನನ್ನ ನಂಬಿಕೆ. ಎಷ್ಟೋ ಸಲ ಇಂಥದ್ದು ಯಾರೂ ಕೇಳಲಿಲ್ಲವೆಂದೇ ನಡೆದುಹೋಗಿರುತ್ತದೆ. ಸಂಸ್ಥೆಯವರು ಉತ್ತರ ಬರೆದರೆ ಇದೇ ಜಾಗದಲ್ಲಿ, ಇಷ್ಟೇ ಜಾಗದಲ್ಲಿ ಪ್ರಕಟಿಸುತ್ತೇವೆ.

ನೀವು ಲಗತ್ತಿಸಿದ ಶಾಲಿನ ಫೋಟೋವನ್ನು ದೊಡ್ಡದು ಮಾಡಿಸಿ ನೋಡಿದೆ. ನಿಮ್ಮ ಎಡಗಡೆ ಮೇಜಿನ ಮೇಲೆ ದೀಪ ಇದೆ. ಪಾದದ ಮೇಲಿನ ಚುಕ್ಕಿಯ ಅಕ್ಷರ ಮಸುಕಾಗಿಯಾದರೂ ಕಾಣುತ್ತದೆ, ‘ಸ’ ಇರಬೇಕು. ಎರಡು ಪ್ರಿಂಟ್ ಹಾಕಿಸಿದ್ದೇನೆ. ಒಂದನ್ನು ನಿಮ್ಮ ಪತ್ರದ ಜೊತೆ ಪಿನ್ ಮಾಡಿ ಕಳಿಸಿ, ಇನ್ನೊಂದು ಮೊಮ್ಮಗಳಿಗೆ.

ಇಂತಿ,
ಸಂಪಾದಕ