ಗಾಬರಿಗೆ ಅಶ್ವಗಂಧ ತಗೊಳ್ಳೋ ಮುಂಚೆ ನಿಮ್ಮ ಕಾಫಿ ಲೆಕ್ಕ ಒಂದ್ಸಲ ಹಾಕಿ

ಹಾಸನದಲ್ಲಿ ರೂಮ್ ಮಾಡ್ಕೊಂಡು ಎಕ್ಸಾಮ್‌ಗೆ ಓದ್ತಿದೀನಿ, ರಾತ್ರಿ ಮಲಗಿದ್ರೆ ಎದೆ ಡವಡವ ಅಂತ ಹೊಡ್ಕೊಳತ್ತೆ, ಸುಮ್‌ಸುಮ್ನೆ ಏನೋ ಕೆಟ್ಟದ್ದು ಆಗತ್ತೆ ಅನ್ನೋ ಗಾಬರಿ, ಇಂಗ್ಲಿಷ್ ಮಾತ್ರೆ ಅಭ್ಯಾಸ ಆಗೋಗತ್ತಂತೆ ಅದಕ್ಕೆ ಅದು ಬೇಡ, ಅಶ್ವಗಂಧ ಬ್ರಾಹ್ಮಿ ಥರ ನ್ಯಾಚುರಲ್ ಆಗಿರೋದು ಯಾವ್ದು ಒಳ್ಳೇದು, ಯಾವ ಬ್ರ್ಯಾಂಡ್, ಥೈರಾಯ್ಡ್ ಮಾತ್ರೆ ತಗೊಳ್ಳೋ ಅಮ್ಮಂಗೂ ಕೊಡಬಹುದಾ, ಇಷ್ಟು ಕೇಳಿದೀರಿ. ಕೊನೇಲಿ "ದಿನಾ ಐದಾರು ಕಾಫಿ ಬಿಟ್ರೆ ಬೇರೆ ಯಾವ ಚಟಾನೂ ಇಲ್ಲ" ಅಂತ ಒಂದು ಸಾಲು ಬರ್ದಿದೀರಲ್ಲ, ನಾನು ಅಲ್ಲಿಂದಾನೇ ಶುರು ಮಾಡ್ತೀನಿ.

ನಾನು ಚಿಕ್ಕಮಗಳೂರಲ್ಲಿ ಮೆಡಿಕಲ್ ಶಾಪ್ ನಡೆಸ್ತೀನಿ, ಓದಿರೋದು ಬಿ.ಫಾರ್ಮಾ, ಡಾಕ್ಟರ್ ಅಲ್ಲ. ಆದ್ರೆ ನಿಮ್ಮ ಈ ಪ್ರಶ್ನೇನ ಕೌಂಟರ್ ಆ ಕಡೆಯಿಂದ ದಿನಾ ಕೇಳ್ತೀನಿ, ನಿಮ್ಮ ವಯಸ್ಸಿನ ಹುಡುಗರು, ಎಸ್ಟೇಟಲ್ಲಿ ಲೆಕ್ಕ ಬರೆಯೋ ರೈಟರ್‌ಗಳು, ಮಗಳ ಮದುವೆ ಯೋಚನೇಲಿ ನಿದ್ದೆ ಬಿಟ್ಟ ಅಮ್ಮಂದಿರು ಎಲ್ಲರೂ ಮೆಲ್ಲಗೆ ದನಿ ತಗ್ಗಿಸಿ ಕೇಳೋದು ಇದನ್ನೇ.

ಮೊದಲು ಕಾಫಿ. ನಮ್ಮೂರಲ್ಲಿ ನಿಮ್ಮೂರಲ್ಲಿ ಕಾಫಿ ಬಗ್ಗೆ ಕೆಟ್ಟ ಮಾತಾಡೋದು ಕಷ್ಟ, ಅದು ನಮ್ಮ ಊಟ ನಮ್ಮ ಬೆಳೆ ಎರಡೂ ಹೌದು, ನಾನೂ ಬೆಳಿಗ್ಗೆ ಕುಡೀದೆ ಶಟರ್ ಎತ್ತಲ್ಲ. ಆದ್ರೂ ಲೆಕ್ಕ ಹೇಳ್ತೀನಿ ಕೇಳಿ. ಐಸಿಎಂಆರ್, ಅಂದ್ರೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, 2024ರಲ್ಲಿ ಬಿಟ್ಟ ಆಹಾರ ಮಾರ್ಗಸೂಚಿ ಪ್ರಕಾರ 150 ಎಂಎಲ್ ಡಿಕಾಕ್ಷನ್ ಕಾಫೀಲಿ 80ರಿಂದ 120 ಮಿಲಿಗ್ರಾಂ ಕೆಫೀನ್ ಇರತ್ತೆ, ದಿನಕ್ಕೆ 300 ದಾಟಬಾರದು ಅಂತಾನೂ ಅದರಲ್ಲೇ ಇದೆ. ನಿಮ್ಮ ಐದಾರು ಕಪ್ ಸಣ್ಣ ಲೋಟದ್ದೇ ಅಂದ್ಕೊಂಡ್ರೂ ಆ ಗಡಿ ದಾಟಿರಬಹುದು. ಅದರ ಮೇಲೆ ರೋಬಸ್ಟಾ ಜಾತಿ ಕಾಫೀಲಿ ಅರೇಬಿಕಾ ಜಾತಿಗಿಂತ ಹೆಚ್ಚು ಕಮ್ಮಿ ಎರಡು ಪಟ್ಟು ಕೆಫೀನ್, ಸಕಲೇಶಪುರ ಮೂಡಿಗೆರೆ ಕಡೆ ಮನೆ ತೋಟದ ರೋಬಸ್ಟಾ ಹುರಿದು ಪುಡಿ ಮಾಡ್ಸಿದ್ದಾದ್ರೆ ಕೇಳೋದೇ ಬೇಡ. ಚಿಕೋರೀಲಿ ಕೆಫೀನ್ ಇಲ್ಲ, ಹಾಗಾಗಿ ಚಿಕೋರಿ ಜಾಸ್ತಿ ಇರೋ ಪುಡಿ ಈ ವಿಷಯದಲ್ಲಿ ಮಾತ್ರ ಪಾಪದ್ದು.

ಕೆಫೀನ್ ಮಾಡೋ ಕೆಲಸ ಏನಂದ್ರೆ, ದಿನ ಕಳೀತಾ ಮೆದುಳಲ್ಲಿ ಅಡಿನೋಸಿನ್ ಅಂತ ಒಂದು ರಾಸಾಯನಿಕ ಸೇರ್ತಾ ಹೋಗತ್ತೆ, ಸುಸ್ತು ನಿದ್ದೆ ಬರ್ಸೋದ್ರಲ್ಲಿ ಅದರ ಪಾತ್ರ ದೊಡ್ಡದು, ಕೆಫೀನ್ ಹೋಗಿ ಅದರ ಜಾಗದಲ್ಲಿ ಕೂತ್ಕೊಂಡುಬಿಡತ್ತೆ, ಜೊತೆಗೆ ಅಡ್ರಿನಲಿನ್ ಏರಿಸತ್ತೆ. ಎದೆ ಬಡಿತ, ಕೈ ನಡುಕ, ಅಂಗೈ ಬೆವರು, ನಿದ್ದೆ ಬರದೇ ಇರೋದು, ಏನೋ ಆಗೋಗತ್ತೆ ಅನ್ನೋ ತಳಮಳ, ಇದೆಲ್ಲಾ ಕೆಫೀನ್ ಜಾಸ್ತಿ ಆದಾಗ್ಲೂ ಬರತ್ತೆ, ಆತಂಕದ ಕಾಯಿಲೇಲೂ ಬರತ್ತೆ, ಮೈಗೆ ವ್ಯತ್ಯಾಸ ಗೊತ್ತಾಗಲ್ಲ. ಅರ್ಧ ಕೆಫೀನ್ ಮೈಯಿಂದ ಹೋಗೋಕೇ ಸುಮಾರು ಐದು ಗಂಟೆ ಬೇಕು, ಅಂದ್ರೆ ಸಂಜೆ ಆರಕ್ಕೆ ಕುಡಿದಿದ್ರಲ್ಲಿ ಅರ್ಧ ನೀವು ಹನ್ನೊಂದಕ್ಕೆ ದಿಂಬಿಗೆ ತಲೆ ಇಡೋವಾಗ್ಲೂ ಒಳಗೇ ಇರತ್ತೆ. ಓದೋಕೆ ಅಂತ ಎನರ್ಜಿ ಡ್ರಿಂಕ್ ಬೇರೆ ಕುಡೀತಿದ್ರೆ ಅದನ್ನೂ ಈ ಲೆಕ್ಕಕ್ಕೆ ಸೇರ್ಸಿ. ಮೂಡಿಗೆರೆ ಕಡೆಯ ಎಸ್ಟೇಟ್ ರೈಟರ್ ಒಬ್ರು ಇಸಿಜಿ ಎಕೋ ಎಲ್ಲಾ ಮಾಡ್ಸಿ ಎಲ್ಲಾ ನಾರ್ಮಲ್ ಬಂದು, ಆಮೇಲೆ ಅಶ್ವಗಂಧ ಕೇಳ್ಕೊಂಡು ಅಂಗಡಿಗೆ ಬಂದಿದ್ರು, ಮಾತಾಡ್ತಾ ಕೇಳಿದ್ರೆ ತೋಟದಲ್ಲಿ ಫ್ಲಾಸ್ಕ್ ಖಾಲಿ ಆಗ್ತಿದ್ದ ಹಾಗೆ ತುಂಬಿಸ್ತಾರಂತೆ. ಮಧ್ಯಾಹ್ನದ ಮೇಲೆ ಬಿಡಿ ಅಂದೆ, ಬಿಟ್ರು, ರಾತ್ರಿ ಡವಡವ ಎಷ್ಟೋ ಇಳೀತು. ಎಲ್ರಿಗೂ ಹೀಗೇ ಆಗತ್ತೆ ಅಂತ ಹೇಳಲ್ಲ, ಆದ್ರೆ ಒಂದು ರೂಪಾಯಿ ಖರ್ಚಿಲ್ಲದ ಪರೀಕ್ಷೆ ಇದು, ಹಾಗಾಗಿ ಮೊದಲು ಇದನ್ನ ಮಾಡಿ.

ಒಂದೇ ದಿನಕ್ಕೆ ಪೂರ್ತಿ ನಿಲ್ಲಿಸಬೇಡಿ. ನಿಲ್ಲಿಸಿದ ಮಾರನೇ ದಿನ ತಲೆನೋವು, ಸಿಡುಕು, ಮಂಕು ಶುರು ಆಗತ್ತೆ, ವಾರದವರೆಗೂ ಇರಬಹುದು, ಅದನ್ನ ನೋಡಿ ಖಾಯಿಲೆ ಜಾಸ್ತಿ ಆಯ್ತು ಅಂತ ಮತ್ತೆ ಹೆದರ್ಕೋತೀರಿ. ಎರಡು ಮೂರು ದಿನಕ್ಕೊಂದು ಕಪ್ಪು ಇಳಿಸ್ತಾ ಬನ್ನಿ, ಬೆಳಿಗ್ಗೆದು ಇಟ್ಕೊಳ್ಳಿ, ಸಂಜೇದು ಮೊದಲು ತೆಗೀರಿ. ಸಂಜೆ ಕೈಗೆ ಬಿಸಿ ಲೋಟ ಬೇಕೇ ಬೇಕು ಅನ್ನಿಸಿದ್ರೆ ನಮ್ಮ ಮಲೆನಾಡ ಮನೆಗಳಲ್ಲಿ ಮಾಡೋ ಕೊತ್ತಂಬರಿ ಜೀರಿಗೆ ಕಷಾಯದ ಪುಡಿ ಇದೆಯಲ್ಲ, ಹಾಲು ಬೆಲ್ಲ ಹಾಕಿ ಅದನ್ನ ಕುಡೀರಿ, ಅದು ಗಾಬರಿಗೆ ಔಷಧಿ ಅಂತ ಅಲ್ಲ, ಕಾಫಿ ಜಾಗ ತುಂಬತ್ತೆ ಅಂತ.

ಎರಡನೇದು ರಕ್ತ ಪರೀಕ್ಷೆ. ಥೈರಾಯ್ಡ್ ಜಾಸ್ತಿ ಕೆಲಸ ಮಾಡ್ತಿದ್ರೂ ಎದೆ ಬಡಿತ, ಬೆವರು, ನಡುಕ, ಗಾಬರಿ ಎಲ್ಲಾ ಹೀಗೇ ಇರತ್ತೆ. ರಕ್ತಹೀನತೇಲೂ ಎದೆ ಹೊಡ್ಕೊಳತ್ತೆ. ಥೈರಾಯ್ಡ್‌ಗೆ ಟಿಎಸ್‌ಎಚ್, ರಕ್ತಹೀನತೆಗೆ ಹಿಮೋಗ್ಲೋಬಿನ್ ಎರಡೂ ಮಾಡ್ಸಿ, ಬರೀ ಸಸ್ಯಾಹಾರ ಆದ್ರೆ ಬಿ12 ಕೂಡ. ಮನೇಲಿ ಅಮ್ಮಂಗೆ ಥೈರಾಯ್ಡ್ ಇದೆ ಅಂದ್ರೆ ನಿಮಗೂ ಬರೋ ಸಾಧ್ಯತೆ ಬೇರೆಯವರಿಗಿಂತ ಜಾಸ್ತಿ, ಹಾಗಾಗಿ ಇದನ್ನ ಮುಂದೆ ಹಾಕಬೇಡಿ.

ಈಗ ಅಶ್ವಗಂಧ. ನಮ್ಮ ಕಡೆ ಹಿರೇಮದ್ದಿನ ಗಿಡ ಅಂತಾರೆ, ಅಂಗಡಿಗೆ ಬರೋ ಬೇರು ಹೆಚ್ಚಾಗಿ ಮಧ್ಯಪ್ರದೇಶದ ನೀಮಚ್ ಮಂದಸೌರ್ ಕಡೆ ಬೆಳೆದದ್ದು. ಗಾಬರಿಗೆ ಅಂತ ಮಾರೋ ಗಿಡಮೂಲಿಕೆಗಳಲ್ಲಿ ಸ್ವಲ್ಪ ಆಧಾರ ಇರೋದು ಇದಕ್ಕೆ, ಅದನ್ನ ಒಪ್ಕೋತೀನಿ. 2012ರಲ್ಲಿ ನಮ್ಮ ದೇಶದಲ್ಲೇ 64 ಜನರ ಮೇಲೆ ಒಂದು ಅಧ್ಯಯನ ಆಯ್ತು, ಬೇರಿನ ಸಾರ 300 ಮಿಲಿಗ್ರಾಂ ದಿನಕ್ಕೆ ಎರಡು ಸಲ, 60 ದಿನ, ಔಷಧಿ ಇಲ್ಲದ ಸುಳ್ಳು ಮಾತ್ರೆ ತಗೊಂಡವರಿಗಿಂತ ನಿಜದ್ದು ತಗೊಂಡವರಿಗೆ ಒತ್ತಡ ಕಮ್ಮಿ ಆಯ್ತು, ಕಾರ್ಟಿಸೋಲ್ ಅನ್ನೋ ಒತ್ತಡದ ಹಾರ್ಮೋನ್ ಕೂಡ ಇಳೀತು. ಆಮೇಲೂ ಅಂಥವು ಕೆಲವು ಬಂದಿವೆ. ಆದ್ರೆ ಎಲ್ಲಾ ಸಣ್ಣಸಣ್ಣವು, ಎರಡು ಮೂರು ತಿಂಗಳಿನವು, ವರ್ಷಗಟ್ಟಲೆ ತಗೊಂಡ್ರೆ ಏನು ಅನ್ನೋದಕ್ಕೆ ಅವು ಉತ್ತರ ಕೊಡಲ್ಲ. ರೀಲ್ಸ್‌ನಲ್ಲಿ ಹೇಳೋ ಥರ ಮೂರು ದಿನಕ್ಕೆ ಗಾಬರಿ ಮಾಯ ಅನ್ನೋದಂತೂ ಸುಳ್ಳು, ಕೆಲಸ ಮಾಡೋದಾದ್ರೂ ವಾರಗಳು ಬೇಕು.

ನ್ಯಾಚುರಲ್ ಅಂದ್ರೆ ತೊಂದ್ರೆ ಇಲ್ಲ ಅನ್ನೋ ನಂಬಿಕೆ ಇದೆಯಲ್ಲ, ನನಗೆ ನಿಜವಾಗ್ಲೂ ಭಯ ಆಗೋದು ಅದನ್ನ ಕಂಡ್ರೆ. ಅಶ್ವಗಂಧ ತಗೊಂಡು ಲಿವರ್‌ಗೆ ಪೆಟ್ಟು ಬಿದ್ದ ಕೇಸ್‌ಗಳು ವರದಿ ಆಗಿವೆ, ಹೊರದೇಶದ್ದು ಮಾತ್ರ ಅಲ್ಲ ನಮ್ಮ ದೇಶದ ಲಿವರ್ ಡಾಕ್ಟರ್‌ಗಳೂ ಬರ್ದಿದಾರೆ, ಡೆನ್ಮಾರ್ಕ್ 2023ರಲ್ಲಿ ಬ್ಯಾನೇ ಮಾಡ್ತು. ಅಪರೂಪ, ಹೌದು, ಆದ್ರೆ ಮೈ ತುರಿಕೆ, ಕಣ್ಣು ಹಳದಿ, ಮೂತ್ರ ಕಡು ಬಣ್ಣ ಇದರಲ್ಲಿ ಒಂದು ಕಂಡ್ರೂ ಅವತ್ತೇ ನಿಲ್ಲಿಸಿ ಎಲ್‌ಎಫ್‌ಟಿ ಅನ್ನೋ ಲಿವರ್ ರಕ್ತ ಪರೀಕ್ಷೆ ಮಾಡ್ಸಬೇಕು. ಮೊದ್ಲೇ ಲಿವರ್ ತೊಂದ್ರೆ ಇರೋರು, ಬಸುರಿಯರು, ಹಾಲುಣಿಸೋರು, ನಿದ್ದೆ ಮಾತ್ರೆ ತಗೊಳ್ಳೋರು ಮುಟ್ಟಬಾರದು.

ಅಮ್ಮನ ವಿಷಯ ಇಲ್ಲೇ ಬರತ್ತೆ. ಅಶ್ವಗಂಧ ಥೈರಾಯ್ಡ್ ಹಾರ್ಮೋನ್ ಏರಿಸಬಹುದು. ಅವರು ಈಗಾಗ್ಲೇ ಥೈರಾಕ್ಸಿನ್ ಅನ್ನೋ ಥೈರಾಯ್ಡ್ ಹಾರ್ಮೋನ್ ಮಾತ್ರೆ ತಗೊಳ್ತಿದ್ರೆ ಡೋಸ್ ಲೆಕ್ಕ ತಪ್ಪಿ ಹಾರ್ಮೋನ್ ಜಾಸ್ತಿ ಆಗಿ ಅವರಿಗೂ ಎದೆ ಡವಡವ ಶುರು ಆಗಬಹುದು, ಗಾಬರಿ ಇಳಿಸೋಕೆ ಕೊಟ್ಟಿದ್ದೇ ಗಾಬರಿ ತರತ್ತೆ. ಅವರ ಡಾಕ್ಟರ್‌ನ ಕೇಳದೆ ಕೊಡಲೇಬೇಡಿ. ಇನ್ನೊಂದು, ಕಾಫಿ ಜೊತೆಗೇ ಥೈರಾಯ್ಡ್ ಮಾತ್ರೆ ನುಂಗ್ತಾರಾ ಅಂತ ಒಂದ್ಸಲ ಕೇಳಿ ನೋಡಿ, ಕಾಫಿ ಆ ಮಾತ್ರೆ ಮೈಗೆ ಹತ್ತದ ಹಾಗೆ ಮಾಡತ್ತೆ, ಖಾಲಿ ಹೊಟ್ಟೇಲಿ ನೀರಲ್ಲಿ ತಗೊಂಡು ಅರ್ಧ ಮುಕ್ಕಾಲು ಗಂಟೆ ಆದ್ಮೇಲೆ ಕಾಫಿ.

ಬ್ರಾಹ್ಮಿ ಬಗ್ಗೆ. ನಮ್ಮ ಮಲೆನಾಡಲ್ಲಿ ಗದ್ದೆ ಬದುವಿನಿಂದ ಕಿತ್ತು ತಂಬುಳಿ ಚಟ್ನಿ ಮಾಡೋದು ಒಂದೆಲಗ. ಕ್ಯಾಪ್ಸೂಲ್‌ನಲ್ಲಿ ಬ್ರಾಹ್ಮಿ ಅಂತ ಬರೋದು ಹೆಚ್ಚಾಗಿ ನೀರುಬ್ರಾಹ್ಮಿ, ಬೇರೆ ಗಿಡ, ಎಲೆನೂ ಬೇರೆ ಥರ. ನೀರುಬ್ರಾಹ್ಮಿ ಮೇಲೆ ಅಧ್ಯಯನ ಆಗಿರೋದು ಜಾಸ್ತಿ ನೆನಪಿನ ಶಕ್ತಿಗೆ, ಅದೂ ಎರಡು ಮೂರು ತಿಂಗಳು ಬಿಡದೆ ತಗೊಂಡ ಮೇಲೆ, ಗಾಬರಿಗೆ ಆಧಾರ ತೆಳು, ಕೆಲವರಿಗೆ ಹೊಟ್ಟೆ ತೊಳಸತ್ತೆ ಭೇದಿ ಆಗತ್ತೆ. ಒಂದೆಲಗದ ತಂಬುಳಿ ಊಟದ ಜೊತೆ ಆರಾಮಾಗಿ ತಿನ್ನಿ, ಯಾರು ಬೇಡ ಅಂತಾರೆ.

ಜಾಯಿಕಾಯಿ ತೇಯ್ದು ಹಾಲಲ್ಲಿ ಕುಡಿದ್ರೆ ನಿದ್ದೆ ಬರತ್ತೆ ಅಂತ ಅಜ್ಜಿ ಹೇಳಿರ್ತಾರೆ. ಕಲ್ಲಿನ ಮೇಲೆ ಒಂದೆರಡು ಸುತ್ತು ತೇಯ್ದಷ್ಟು ಪರವಾಗಿಲ್ಲ, ಆದ್ರೆ ಹುಡುಗರು ಪುಡಿ ಮಾಡಿ ಚಮಚದ ಲೆಕ್ಕದಲ್ಲಿ ಹಾಕ್ಕೋತಾರೆ, ಅಷ್ಟಾದ್ರೆ ವಿಷ, ಎದೆ ಓಡತ್ತೆ, ವಾಂತಿ, ಇಲ್ಲದ್ದೆಲ್ಲಾ ಕಾಣ್ಸತ್ತೆ. ಸರ್ಪಗಂಧ ಬೇರು ಯಾರಾದ್ರೂ ನಾಟಿ ಔಷಧಿ ಅಂತ ಕೊಟ್ರೆ ದಯವಿಟ್ಟು ಮುಟ್ಟಬೇಡಿ. ಅದರಲ್ಲಿರೋ ರೆಸರ್ಪಿನ್ ಅನ್ನೋದನ್ನ 1950ರ ದಶಕದಲ್ಲಿ ಪ್ರಪಂಚದ ತುಂಬಾ ಬಿಪಿಗೆ, ಮಾನಸಿಕ ಕಾಯಿಲೆಗೆ ಕೊಡ್ತಿದ್ರು, ಬಿಪಿ ಸಿಕ್ಕಾಪಟ್ಟೆ ಇಳಿಸಬಹುದು, ಮನಸ್ಸು ಕುಸಿಯೋ ಖಿನ್ನತೆ ತರಬಹುದು ಅನ್ನೋ ಎಚ್ಚರಿಕೆ ಇವತ್ತಿಗೂ ಅದರ ಜೊತೆ ಇದೆ. ಆನ್‌ಲೈನ್‌ನಲ್ಲಿ ಸಿಗೋ ಸೇಂಟ್ ಜಾನ್ಸ್ ವರ್ಟ್ ಅನ್ನೋ ಗಿಡಮೂಲಿಕೆ ಕೂಡ ಬೇಡ, ಡಾಕ್ಟರ್ ಬರ್ಕೊಡೋ ಖಿನ್ನತೆ ಮಾತ್ರೆ, ಗರ್ಭನಿರೋಧಕ ಮಾತ್ರೆ ಇಂಥ ಎಷ್ಟೋ ಔಷಧಿ ಜೊತೆ ಅದು ಕಿತ್ತಾಡತ್ತೆ. ಕ್ಯಾಮೊಮೈಲ್ ಟೀ ಇಷ್ಟ ಆದ್ರೆ ಕುಡೀರಿ, ಅದರಲ್ಲಿ ಕೆಫೀನ್ ಇಲ್ಲ.

ಬ್ರ್ಯಾಂಡ್ ಹೆಸರು ನಾನು ಹೇಳಲ್ಲ, ಅಂಗಡಿ ಇಟ್ಕೊಂಡು ಹೇಳೋದು ಸರಿ ಅಲ್ಲ. ಡಬ್ಬಿ ಮೇಲೆ ಏನು ನೋಡಬೇಕು ಅಂತ ಹೇಳ್ತೀನಿ. ಬೇರು ಅಂತ ಸ್ಪಷ್ಟ ಬರ್ದಿರಬೇಕು, ಆಯುಷ್ ಸಚಿವಾಲಯ 2021ರಲ್ಲೇ ಅಶ್ವಗಂಧದ ಎಲೆ ಬಳಸಬೇಡಿ ಅಂತ ತಯಾರಕರಿಗೆ ಹೇಳಿದೆ. ಲೈಸೆನ್ಸ್ ನಂಬರ್, ಬ್ಯಾಚ್, ಎಕ್ಸ್‌ಪೈರಿ ಇರಬೇಕು. ಚೂರ್ಣಾನೇ ಬೇರೆ ಸಾರಾನೇ ಬೇರೆ, ಚೂರ್ಣದ ಗ್ರಾಂ ಲೆಕ್ಕಾನ ಸಾರಕ್ಕೆ ಹಾಕಿದ್ರೆ ಡೋಸ್ ಎಲ್ಲೋ ಹೋಗತ್ತೆ. ಅಶ್ವಗಂಧಾರಿಷ್ಟ ಆದ್ರೆ ಅದು ಹುಳಿ ಬಂದು ತಯಾರಾಗೋದು, ಅದರಲ್ಲಿ ಆಲ್ಕೋಹಾಲ್ ಇರತ್ತೆ, ಲೇಬಲ್‌ನಲ್ಲೇ ಬರ್ದಿರ್ತಾರೆ. ಹೆಸರು ವಿಳಾಸ ಏನೂ ಇಲ್ಲದ ಪೊಟ್ಟಣ ಯಾರೇ ಕೊಟ್ರೂ ಬೇಡ. 2004ರಲ್ಲಿ ಅಮೆರಿಕದ ಬೋಸ್ಟನ್ ಕಡೆ ಅಂಗಡಿಗಳಲ್ಲಿ ಸಿಗ್ತಿದ್ದ 70 ಆಯುರ್ವೇದ ಔಷಧಿ ಪರೀಕ್ಷೆ ಮಾಡಿದ್ರೆ 14ರಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಸಿಕ್ಕಿತ್ತು, ಅವೆಲ್ಲಾ ಈ ಭಾಗದ ದೇಶಗಳಿಂದಲೇ ಹೋಗಿದ್ದವು. ಆಯುರ್ವೇದದ ದಾರಿಯಲ್ಲೇ ಹೋಗ್ತೀನಿ ಅಂದ್ರೆ ನಿಮ್ಮ ಹಾಸನದಲ್ಲೇ ತಣ್ಣೀರುಹಳ್ಳದಲ್ಲಿ ಧರ್ಮಸ್ಥಳದವರ ಆಯುರ್ವೇದ ಕಾಲೇಜು ಆಸ್ಪತ್ರೆ ಇದೆ, ಓದಿದ ವೈದ್ಯರಿಗೆ ತೋರ್ಸಿ ತಗೊಳ್ಳಿ, ಯೂಟ್ಯೂಬ್ ನೋಡಿ ಮೂರು ನಾಕು ಡಬ್ಬಿ ಒಟ್ಟಿಗೇ ಶುರು ಮಾಡಬೇಡಿ, ಯಾವುದ್ರಿಂದ ಗುಣ ಆಯ್ತು ಯಾವುದ್ರಿಂದ ತೊಂದ್ರೆ ಆಯ್ತು ಅಂತ ಆಮೇಲೆ ದೇವರಿಗೂ ಗೊತ್ತಾಗಲ್ಲ.

ಇಂಗ್ಲಿಷ್ ಮಾತ್ರೆ ಅಭ್ಯಾಸ ಆಗತ್ತೆ ಅಂದ್ರಲ್ಲ, ಅರ್ಧ ನಿಜ ಮಾರಾಯ್ರೆ. ಆಲ್‌ಪ್ರಜೋಲಾಮ್ ಥರದವು ತಗೊಂಡ ತಕ್ಷಣ ಹಾಯ್ ಅನ್ಸತ್ತೆ, ಅವು ಅಭ್ಯಾಸ ಆಗೋದು ಹೌದು, ಅದಕ್ಕೇ ಚೀಟಿ ಇಲ್ದೆ ಕೊಡಂಗಿಲ್ಲ, ಕೊಟ್ರೆ ನಾನು ರಿಜಿಸ್ಟರ್‌ನಲ್ಲಿ ಬರೀಬೇಕು. ಆದ್ರೆ ಮನೋವೈದ್ಯರು ಆತಂಕಕ್ಕೆ ತಿಂಗಳುಗಟ್ಟಲೆ ಕೊಡೋ ಎಸ್ಸಿಟಾಲೋಪ್ರಾಮ್, ಸರ್ಟ್ರಾಲಿನ್ ಥರದವು ಬೇರೆ ಜಾತಿ. ಅವಕ್ಕೆ ಆ ಥರ ಚಟ ಹತ್ತಲ್ಲ, ಕೆಲಸ ಶುರು ಮಾಡೋಕೇ ಎರಡರಿಂದ ಆರು ವಾರ ತಗೊಳತ್ತೆ, ನಿಲ್ಲಿಸೋವಾಗ ಮಾತ್ರ ಡಾಕ್ಟರ್ ಹೇಳಿದ ಹಾಗೆ ನಿಧಾನಕ್ಕೆ ಇಳಿಸಬೇಕು. ಮಾತ್ರೆ ಬೇಡವೇ ಬೇಡ ಅಂದ್ರೂ ಸಿಬಿಟಿ ಅಂತ ಕೌನ್ಸೆಲಿಂಗ್ ವಿಧಾನ ಇದೆ, ಗಾಬರಿಗೆ ಅದರಷ್ಟು ಆಧಾರ ಯಾವ ಬೇರಿಗೂ ಇಲ್ಲ.

ಕಾಫಿ ಇಳಿಸಿ ಎರಡು ಮೂರು ವಾರ ಆದ್ರೂ, ರಿಪೋರ್ಟ್ ಎಲ್ಲಾ ಸರಿ ಇದ್ರೂ ಗಾಬರಿ ಹಾಗೇ ಇದ್ರೆ, ಓದೋಕೆ ಕೂರೋಕೇ ಆಗ್ತಿಲ್ಲ ಅಂದ್ರೆ ಹಾಸನದ ಹಿಮ್ಸ್ ಆಸ್ಪತ್ರೆಯ ಮನೋರೋಗ ವಿಭಾಗಕ್ಕೆ ಹೋಗಿ, ಅಲ್ಲಿ ಜ್ವರಕ್ಕೆ ಬಂದವರ ಥರಾನೇ ಜನ ಬರ್ತಾರೆ, ಯಾರೂ ತಿರುಗಿ ನೋಡಲ್ಲ. ಎದೆ ನೋವು ಕೈಗೋ ದವಡೆಗೋ ಹರಡಿದ್ರೆ, ತಲೆ ಸುತ್ತಿ ಬಿದ್ರೆ ಗಾಬರಿ ಅಂತ ಸುಮ್ನಿರದೆ ಆಗ್ಲೇ ಎಮರ್ಜೆನ್ಸಿಗೆ ಹೋಗಿ ಇಸಿಜಿ ಮಾಡ್ಸಿ. ಬದುಕೋದೇ ಬೇಡ ಅನ್ನೋ ಯೋಚನೆ ಒಂದ್ಸಲ ಬಂದ್ರೂ 14416ಕ್ಕೆ ಫೋನ್ ಮಾಡಿ, ಟೆಲಿ ಮಾನಸ್ ಅಂತ ಸರ್ಕಾರದ್ದು, 2022ರಿಂದ ನಡೀತಿದೆ, ದುಡ್ಡಿಲ್ಲ, ರಾತ್ರಿ ಎರಡು ಗಂಟೆಗೂ ಎತ್ತುತಾರೆ, ಕನ್ನಡದಲ್ಲೇ ಮಾತಾಡಬಹುದು. ಡಾಕ್ಟರ್ ಹತ್ರ ಹೋದಾಗ ಕಾಫಿ ಎಷ್ಟು ಕುಡೀತೀರಿ ಅನ್ನೋದನ್ನ ಅವರು ಕೇಳದೇ ಇದ್ರೂ ನೀವೇ ಹೇಳಿ, ಅಷ್ಟೊತ್ತಿಗೆ ಅಶ್ವಗಂಧ ಶುರು ಮಾಡಿದ್ರೆ ಆ ಡಬ್ಬೀನೂ ಬ್ಯಾಗಲ್ಲಿ ಹಾಕ್ಕೊಂಡು ಹೋಗಿ ತೋರ್ಸಿ.